ಇಂಟರ್‌ಕಾಮ್ ಲೈನಿನ ಮೇಲೆ ಹಳೇ ಮೋಡೆಮ್: 14.4, 33.6, 56ಕೆ – ಏನು ನೋಡಿ ಕೊಳ್ಳಬೇಕು?

ಸೀರಿಯಲ್‌ಭಟ್ಟ (ಡೊಂಬಿವ್ಲಿ)

ಸೊಸೈಟಿಯ ಎರಡು ಫ್ಲ್ಯಾಟ್‌ಗಳ ನಡುವೆ ಹಳೇ ಡಯಲ್-ಅಪ್ ಸಂಪರ್ಕ (ಮೋಡೆಮ್ ಮೂಲಕ ಫೋನ್ ತಂತಿಯ ಮೇಲೆ ಕಂಪ್ಯೂಟರ್‌ಗಳ ಜೋಡಣೆ) ಕಟ್ಟಬೇಕೆಂದಿದೆ. ಒಂದು ತುದಿಯಲ್ಲಿ 486 ಡಿಎಕ್ಸ್2, ಡಾಸ್ 6.22. ಇನ್ನೊಂದು ತುದಿಯಲ್ಲಿ ಪೆಂಟಿಯಂ, ಲಿನಕ್ಸ್. ಮಧ್ಯೆ ಕಟ್ಟಡದ ಇಂಟರ್‌ಕಾಮಿನ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳನ್ನು ಜೋಡಿಸುವ ಪುಟ್ಟ ಎಕ್ಸ್‌ಚೇಂಜ್); ಎಕ್ಸ್‌ಟೆನ್ಶನ್‌ಗಳೆಲ್ಲ ಸಾದಾ ಅನಲಾಗ್. ಹೊರಗಿನ ಲೈನು ಬೇಡ.

ಲ್ಯಾಮಿಂಗ್ಟನ್ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿರುವುದು: 14.4 ಮತ್ತು 28.8/33.6ರ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್) ಎಕ್ಸ್‌ಟರ್ನಲ್ ಡಬ್ಬಿಗಳು, ಒಂದಷ್ಟು 56ಕೆ ಪಿಸಿಐ ಕಾರ್ಡ್‌ಗಳು. ಕೆಲವು ಡಬ್ಬಿಗಳಿಗೆ ಅಡಾಪ್ಟರ್ ಇಲ್ಲ, ಯಾವುದಕ್ಕೂ ಮ್ಯಾನುಯಲ್ ಇಲ್ಲ. 56ಕೆಗೆ ಹೆಚ್ಚು ದುಡ್ಡು ಕೊಡಬೇಕೇ? ಡಬ್ಬಿಯ ಮೇಲೆ ಬರೆದ ಸೌಲಭ್ಯಗಳಲ್ಲಿ ಯಾವುದು ನಿಜಕ್ಕೂ ಬೇಕು, ಯಾವುದು ಬರೀ ಜಾಹೀರಾತು?

ಕ್ಯಾರಿಯರ್ (ಪುಣೆ)

56ಕೆ ಅನ್ನೂದನ್ನ ಮೊದಲ ತಲಿಯಿಂದ ತಗೀರಿ. ವಿ.90 (56ಕೆದ ಮಾನಕ) ನಡೀಬೇಕಂದ್ರ ಒಂದು ತುದಿ ಪೂರಾ ಡಿಜಿಟಲ್ ಇರಬೇಕು. ಇಂಟರ್ನೆಟ್ ಕೊಡೂ ಕಂಪನಿ (ಐಎಸ್‌ಪಿ) ಕಡೆ ಇ1 ಅಥವಾ ಐಎಸ್‌ಡಿಎನ್ ಅನ್ನೂ ಡಿಜಿಟಲ್ ಲೈನು ನೇರವಾಗಿ ಬರ್ತಿತ್ತು, ಅದಕ್ಕ ದಾರಿಯೊಳಗ ಅನಲಾಗ್–ಡಿಜಿಟಲ್ ಬದಲಾವಣೆ ಒಂದ ಸಲ ಆಗ್ತಿತ್ತು. ನಿಮ್ಮಲ್ಲಿ ಎರಡೂ ತುದಿ ಅನಲಾಗ್. ಎರಡು 56ಕೆ ಮೋಡೆಮ್ ಎದುರಾಬದುರು ಕೂಡಿಸಿದ್ರೂ ಅವು ಹಿಂದಿನ ಮಾನಕ ವಿ.34ಕ್ಕ ಇಳೀತಾವ, ಮೇಲಿನ ಮಿತಿ 33,600. ವಿ.90 ಇದ್ದಾಗೂ ಗ್ರಾಹಕನ ಕಡೆಯಿಂದ ಮ್ಯಾಲೆ ಹೋಗೂ ವೇಗ 33.6 ಅಷ್ಟ ಇತ್ತು. ಹಂಗಾಗಿ ಎಕ್ಸ್2, ಕೆ56ಫ್ಲೆಕ್ಸ್ ಅನ್ನೂ 56ಕೆ ಸ್ಟಿಕ್ಕರ್ ನೋಡಿ ರೊಕ್ಕ ಬಿಚ್ಚಬ್ಯಾಡ್ರಿ.

ಪಿಸಿಐ ಕಾರ್ಡಂತೂ ಬ್ಯಾಡೇ ಬ್ಯಾಡ. ಬಹಳಷ್ಟು 486 ಬೋರ್ಡಿಗೆ ಪಿಸಿಐ ಸ್ಲಾಟ್ ಇರೂದಿಲ್ಲ, ಅದೊಂದು. ಇನ್ನೊಂದು, ಆ ಕಾಲದ ಸೋವಿ ಪಿಸಿಐ ಕಾರ್ಡ್ ಹೆಚ್ಚಿನವು ವಿನ್‌ಮೋಡೆಮ್, ಅಂದ್ರ ತಮ್ಮ ಕೆಲಸ ವಿಂಡೋಸ್ ಮ್ಯಾಲೆ ಹಾಕೂವು. ಎಚ್‌ಸಿಎಫ್ ಜಾತಿಯೊಳಗ ಸಿಗ್ನಲ್ ಲೆಕ್ಕ ಮಾಡೂ ಚಿಪ್ (ಡಿಎಸ್‌ಪಿ) ಕಾರ್ಡಿನ ಮ್ಯಾಲೆ ಅದ, ಆದ್ರ ಎಟಿ ಆಜ್ಞೆ (ಮೋಡೆಮಿಗೆ ಕೊಡೂ ಆಜ್ಞೆ) ತಿಳಕೊಳ್ಳೂದು, ಎರರ್ ಕರೆಕ್ಷನ್ ಎಲ್ಲಾ ವಿಂಡೋಸ್ ಡ್ರೈವರ್ ಮಾಡ್ತದ. ಎಚ್‌ಎಸ್‌ಎಫ್‌ದಾಗ ಸಿಗ್ನಲ್ ಲೆಕ್ಕಾನೂ ಸಿಪಿಯುನ ಮಾಡಬೇಕು. ಡಾಸಿನೊಳಗ ಎರಡೂ ಸತ್ತಂಗ. ಸೀರಿಯಲ್ ಪೋರ್ಟಿಗೆ ಹಚ್ಚೂ ಎಕ್ಸ್‌ಟರ್ನಲ್ ಡಬ್ಬಿ ತಗೊಂಡ್ರ ಈ ತಲಿಬ್ಯಾನಿ ಇಲ್ಲ.

28.8 ಅಂತ ಬರದಿದ್ರ ಅದಕ್ಕ ಸಮಾಧಾನ ಆಗಬ್ಯಾಡ್ರಿ, ಯಾವ 28.8 ಅಂತ ಕೇಳ್ರಿ. ವಿ.34 ಬಂದದ್ದು 1994ರಾಗ. ಅದರ ಹಿಂದಿನ ವರ್ಷ ಚಿಪ್ ಮಾಡೂ ರಾಕ್‌ವೆಲ್ ಕಂಪನಿ ವಿ.ಎಫ್‌ಸಿ ಅಂತ ತನ್ನದೇ 28.8 ತಂದಿತ್ತು. ಬರೀ ವಿ.ಎಫ್‌ಸಿ ಇರೂ ಡಬ್ಬಿ, ಬರೀ ವಿ.34 ಇರೂ ಡಬ್ಬಿ ಎರಡನ್ನ ಕೂಡಿಸಿದ್ರ ಇಬ್ಬರಿಗೂ ತಿಳಿಯೂ ಭಾಷೆ ವಿ.32ಬಿಸ್, ಅಂದ್ರ 14.4. ಎಚ್‌ಎಸ್‌ಟಿ, ಟೆಲಿಬಿಟ್ ಪೆಪ್ ಅನ್ನೂ ಒಂದೊಂದ ಕಂಪನಿಯ ಸ್ವಂತ ಪದ್ಧತಿಗಳ ಕತಿನೂ ಅದ: ತಮ್ಮ ಜಾತಿಯವರ ಕೂಡ ಅಷ್ಟ ಅವುಗಳ ಓಟ. ಜೋಡಿ ತಗೋಳೂದಿದ್ರ ಒಂದ ಚಿಪ್‌ಸೆಟ್ಟಿನ ಜೋಡಿ ತಗೋರಿ. ಅಂಗಡಿಯೊಳಗ ಲ್ಯಾಪ್‌ಟಾಪ್ ಹಚ್ಚಿ ಎಟಿ ಐ3, ಎಟಿ ಐ4, ಎಟಿ ಐ6 ಹೊಡೀರಿ. ಮೂರರಾಗ ಒಂದಕ್ಕರ ಚಿಪ್ ಅಥವಾ ಫರ್ಮ್‌ವೇರ್ ಹೆಸರು ಬರ್ತದ.

ಯುಆರ್ಟ್‌ಶೆಟ್ರು (ವಾಶಿ)

ಮೇಲೆ ಹೇಳಿದ್ದು ಸರಿ. ಆದರೆ ಮಾರಾಯ್ರೆ, ವೇಗ ನಿಲ್ಲುವುದು ಹೆಚ್ಚಾಗಿ ಲೈನಿನಲ್ಲಿ ಅಲ್ಲ, ಕಂಪ್ಯೂಟರಿನ ಸೀರಿಯಲ್ ಪೋರ್ಟಿನಲ್ಲಿ. ಪೋರ್ಟ್ ವೇಗ 115200 ಬಿಟ್ ಆದರೆ, ಅಕ್ಷರಕ್ಕೆ ಹತ್ತು ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 11,520 ಅಕ್ಷರ ಬರುತ್ತವೆ, ಅಂದರೆ 87 ಮೈಕ್ರೋಸೆಕೆಂಡಿಗೆ ಒಂದು. ಪೋರ್ಟನ್ನು ನಡೆಸುವ ಚಿಪ್ಪಿಗೆ ಯುಆರ್ಟ್ ಅನ್ನುತ್ತಾರೆ; ಹಳೇ 8250 ಮತ್ತು 16450 ಚಿಪ್‌ಗಳಲ್ಲಿ ಒಂದೇ ಬೈಟಿನ ಜಾಗ. ಅಷ್ಟರೊಳಗೆ ಸಿಪಿಯು ಬಂದು ಎತ್ತಿಕೊಳ್ಳದಿದ್ದರೆ ಹಿಂದಿನ ಅಕ್ಷರ ಹೋಯಿತು. ಡಿಸ್ಕಿಗೆ ಬರೆಯುವಾಗ ಇಂಟರಪ್ಟ್ ಸ್ವಲ್ಪ ತಡೆದರೂ ಸಾಕು, ಫೈಲ್ ಕಳಿಸುವ ಝಡ್‌ಮೋಡೆಮ್‌ನಲ್ಲಿ ಸಿಆರ್‌ಸಿ (ತಾಳೆ ನೋಡುವ) ಎರರ್ ಸುರಿಯುತ್ತದೆ. ಜನ ಲೈನಿಗೆ ಬೈಯುತ್ತಾರೆ. 16550ಎ ಚಿಪ್ಪಿನಲ್ಲಿ 16 ಬೈಟಿನ ಫಿಫೊ (ಅಕ್ಷರಗಳು ಸಾಲಾಗಿ ಕಾಯುವ ಜಾಗ) ಉಂಟು. ‘ಎ’ ಅಕ್ಷರ ನೋಡಿಕೊಳ್ಳಿ, ಮೊದಲ 16550ರ ಫಿಫೊದಲ್ಲಿ ದೋಷ ಇತ್ತು.

ಡಾಸಿನಲ್ಲಿ ಎಂಎಸ್‌ಡಿ (ಯಂತ್ರದ ವಿವರ ತೋರಿಸುವ ಪ್ರೋಗ್ರಾಮ್) ಓಡಿಸಿ, ಕಾಮ್ ಪೋರ್ಟ್ಸ್‌ಗೆ ಹೋದರೆ ಕೊನೆಯ ಸಾಲಿನಲ್ಲಿ ಚಿಪ್ಪಿನ ಹೆಸರು ಸಿಗುತ್ತದೆ. ವಿಂಡೋಸ್ ಒಳಗಿನಿಂದ ಓಡಿಸಬೇಡಿ, ಉತ್ತರ ನಂಬುವಂತಿರುವುದಿಲ್ಲ. ಲಿನಕ್ಸ್ ಕಡೆ ಬೂಟ್ ಸಂದೇಶದಲ್ಲೇ ಬಂದಿರುತ್ತದೆ.

ಇನ್ನು ಕೇಬಲ್. ಡಬ್ಬಿಯ ಹಿಂದೆ 25 ಪಿನ್, ಕಂಪ್ಯೂಟರಿನಲ್ಲಿ 9 ಪಿನ್. ನೇರ ಕೇಬಲ್ ಬೇಕು, ತಂತಿಗಳನ್ನು ಅದಲುಬದಲು ಮಾಡಿದ ನಲ್-ಮೋಡೆಮ್ ಕೇಬಲ್ ಅಲ್ಲ. 25 ಪಿನ್ ಕಡೆ 2, 3, 4, 5, 6, 7, 8, 20, 22 – ಈ ಒಂಬತ್ತೂ ತಂತಿ ಇದೆಯಾ ಎಂದು ಮಲ್ಟಿಮೀಟರ್ ಹಿಡಿದು ನೋಡಿ. 4 ಮತ್ತು 5 ಅಂದರೆ ಆರ್‌ಟಿಎಸ್, ಸಿಟಿಎಸ್. ಇವಿಲ್ಲದಿದ್ದರೂ ಮೋಡೆಮ್ ಓಕೆ ಅನ್ನುತ್ತದೆ, ಡಯಲ್ ಮಾಡುತ್ತದೆ, ಕನೆಕ್ಟೂ ಆಗುತ್ತದೆ. ದೊಡ್ಡ ಫೈಲ್ ಕಳಿಸಿದಾಗ ಮಾತ್ರ ಕೈಕೊಡುತ್ತದೆ, ಯಾಕೆಂದರೆ ‘ನಿಲ್ಲಿಸು’ ಅಂತ ಹೇಳುವ ತಂತಿಯೇ ಇಲ್ಲ. 20 (ಡಿಟಿಆರ್, ‘ಕಂಪ್ಯೂಟರ್ ಸಿದ್ಧ’ ಅನ್ನುವ ತಂತಿ) ಇಲ್ಲದಿದ್ದರೆ ಪ್ರೋಗ್ರಾಮ್ ಮುಚ್ಚಿದರೂ ಲೈನ್ ಬಿಡುವುದಿಲ್ಲ.

ಸೀರಿಯಲ್‌ಭಟ್ಟ

ಎಂಎಸ್‌ಡಿ 8250 ಅಂತ ತೋರಿಸುತ್ತಿದೆ. ಸೀರಿಯಲ್ ಪೋರ್ಟ್ ಇರುವ ಮಲ್ಟಿ-ಐಒ ಕಾರ್ಡ್ ಬದಲಿಸಲೇಬೇಕಾ?

ಯುಆರ್ಟ್‌ಶೆಟ್ರು

16450 ಇದ್ದರೂ ಎಂಎಸ್‌ಡಿ 8250 ಅಂತಲೇ ಹೇಳುತ್ತದೆ. ಕಾರ್ಡ್ ತೆಗೆದು ನೋಡಿ. 40 ಕಾಲಿನ ಉದ್ದ ಚಿಪ್ ಸಾಕೆಟ್ಟಿನಲ್ಲಿ ಕೂತಿದ್ದರೆ ಅದನ್ನು ಎತ್ತಿ 16550ಎ ಹಾಕಿದರೆ ಮುಗಿಯಿತು, ಕಾಲುಗಳು ಹೊಂದುತ್ತವೆ. ಗುರುತಿನ ಕಚ್ಚು ಯಾವ ಕಡೆ ಅಂತ ನೋಡಿ ಕೂರಿಸಿ. ಎಲ್ಲವೂ ಒಂದೇ ದೊಡ್ಡ ಚೌಕ ಚಿಪ್ಪಿನೊಳಗೆ ಇದ್ದರೆ ಕಾರ್ಡನ್ನೇ ಬದಲಿಸಬೇಕು. ಇಲ್ಲವೇ ಜಂಪರ್ (ಸೆಟಿಂಗ್ ಬದಲಿಸುವ ಪಿನ್) ಇರುವ, ಹಳೇ ಐಎಸ್ಎ ಸ್ಲಾಟಿನ ಇಂಟರ್ನಲ್ ಮೋಡೆಮ್ ನೋಡಿ, ಅದರ ಯುಆರ್ಟ್ ಅದರ ಮೇಲೆಯೇ ಇರುತ್ತದೆ. ಅದನ್ನು ಕಾಮ್4, ಐಆರ್‌ಕ್ಯೂ 3ಕ್ಕೆ ಇಟ್ಟರೆ ಕಾಮ್2 ಬಂದ್ ಮಾಡಿ, ಇಬ್ಬರಿಗೂ ಒಂದೇ ಇಂಟರಪ್ಟ್.

486ರಲ್ಲಿ ಪೋರ್ಟ್ ವೇಗ 57600 ಸಾಕು. 33.6ರ ಲೈನಿನಲ್ಲಿ ಜಿಪ್ ಫೈಲ್ ಸೆಕೆಂಡಿಗೆ 4,200 ಬೈಟ್ ಮೀರುವುದಿಲ್ಲ, 57600ರಲ್ಲಿ 5,760 ಹೋಗುತ್ತದೆ. 115200 ಬೇಕಾಗುವುದು ಸಾದಾ ಪಠ್ಯ ಕಳಿಸುವಾಗ. ಡಾಸಿಗೆ ಎಕ್ಸ್00 ಅಥವಾ ಬಿಎನ್‌ಯು ಎಂಬ ಫಾಸಿಲ್ ಡ್ರೈವರ್ (ಸೀರಿಯಲ್ ಪೋರ್ಟ್ ನೋಡಿಕೊಳ್ಳುವ ಪ್ರೋಗ್ರಾಮ್) ಹಾಕಿ, ಪೋರ್ಟ್ ವೇಗವನ್ನು ಲಾಕ್ ಮಾಡಿ.

ಮಡಗಾಂವ್‌ಎಸಿ (ಗೋವಾ)

ಅಡಾಪ್ಟರ್ ವಿಷಯ ಯಾರೂ ಎತ್ತಿಲ್ಲ, ಹಳೇ ಸಾಮಾನಿನಲ್ಲಿ ಮೊದಲು ಎಡವುವುದು ಅಲ್ಲೇ. ಆ ಕಾಲದ ಅನೇಕ ಡಬ್ಬಿಗಳಿಗೆ ಬೇಕಾದದ್ದು 9 ವೋಲ್ಟ್ ಎಸಿ, ಡಿಸಿ ಅಲ್ಲ. ಸೀರಿಯಲ್ ಪೋರ್ಟಿಗೆ ಬೇಕಾದ ಧನ–ಋಣ ಎರಡೂ ವೋಲ್ಟೇಜನ್ನು ಆ ಎಸಿಯಿಂದಲೇ ಒಳಗೆ ಮಾಡಿಕೊಳ್ಳುತ್ತವೆ. 9 ವೋಲ್ಟ್ ಡಿಸಿ ಚುಚ್ಚಿದರೆ ದೀಪ ಹತ್ತಬಹುದು, ಮಾತು ಬರುವುದಿಲ್ಲ. ಸಾಕೆಟ್ ಪಕ್ಕದ ಗುರುತು ನೋಡಿ: ಅಲೆಗೆರೆ ಇದ್ದರೆ ಎಸಿ. ಅಮೆರಿಕದಿಂದ ಬಂದ ಡಬ್ಬಿಯಾದರೆ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ಹಾಕಿದ ಕ್ಷಣ ಸುಟ್ಟ ವಾಸನೆ. 230ರಿಂದ 9 ವೋಲ್ಟ್, 1 ಆಂಪಿಯರ್ ಎಸಿ ಟ್ರಾನ್ಸ್‌ಫಾರ್ಮರ್ ಕಟ್ಟಿಸಿಕೊಳ್ಳುವುದು ಕಷ್ಟವಲ್ಲ. ಅರ್ಧ ಗಂಟೆ ಬಿಸಿಯಾದ ಮೇಲೆ ಮಾತ್ರ ಸಂಪರ್ಕ ಕಡಿಯುತ್ತಿದ್ದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸಿ. ನಮ್ಮ ಕರಾವಳಿ ತೇವದಲ್ಲಿ ಅವು ಮೊದಲೇ ಸೊರಗಿರುತ್ತವೆ, ಕಾಲುಗಳ ಬುಡದಲ್ಲಿ ಹಸಿರು ಕಿಲುಬು ಕಂಡರೆ ಖಚಿತ.

ಎರಡನೆಯದು ಆರ್‌ಪಿಐ. ಸೋವಿ 14.4 ಡಬ್ಬಿಗಳಲ್ಲಿ ಈ ಮೂರಕ್ಷರ ಇದ್ದರೆ ವಿ.42 ಎರರ್ ಕರೆಕ್ಷನ್ (ತಪ್ಪಿದ್ದನ್ನು ಮತ್ತೆ ಕಳಿಸುವ ವ್ಯವಸ್ಥೆ) ಡಬ್ಬಿಯೊಳಗಿಲ್ಲ, ಪಿಸಿಯ ವಿಶೇಷ ಸಾಫ್ಟ್‌ವೇರ್ ಮಾಡಬೇಕು. ಬಿಟ್ಟುಬಿಡಿ. ನಿಜವಾದ ವಿ.42 ಇದ್ದರೆ ವೇಗಕ್ಕೂ ಲಾಭ: ಪ್ರತಿ ಬೈಟಿನ ಸ್ಟಾರ್ಟ್–ಸ್ಟಾಪ್ ಬಿಟ್‌ಗಳನ್ನು ಲೈನಿನ ಮೇಲೆ ಕಳಿಸುವುದಿಲ್ಲ. 14.4ರಲ್ಲಿ ಸೆಕೆಂಡಿಗೆ 1,440 ಬೈಟ್ ಆಗಬೇಕಾದದ್ದು 1,700ರ ಹತ್ತಿರ ಬರುತ್ತದೆ. ಒಂದು ಎಂಬಿಗೆ ಸುಮಾರು ಹತ್ತು ನಿಮಿಷ, 33.6ರಲ್ಲಿ ಐದಕ್ಕಿಂತ ಸ್ವಲ್ಪ ಕಡಿಮೆ.

ಕಂಪ್ರೆಶನ್ನಿನ ಬಗ್ಗೆ: ಡಬ್ಬಿಯ ಮೇಲೆ ಬರೆಯುವ ನಾಲ್ಕು ಪಟ್ಟು ವೇಗ ಅನ್ನುವುದು ಪಠ್ಯಕ್ಕೆ, ಅದೂ ಹೆಚ್ಚೆಂದರೆ. ಜಿಪ್ ಫೈಲಿಗೆ ವಿ.42ಬಿಸ್ ಎಂಬ ಕಂಪ್ರೆಶನ್ ತಾನೇ ಸುಮ್ಮನಾಗುತ್ತದೆ. ಎಂಎನ್‌ಪಿ5 ಎಂಬ ಕಂಪ್ರೆಶನ್ ಹಾಗಲ್ಲ, ಮೊದಲೇ ಒತ್ತಿದ ಫೈಲನ್ನು ಇನ್ನಷ್ಟು ಉಬ್ಬಿಸುತ್ತದೆ. ನನ್ನ ಕೇಳಿದರೆ ಕಂಪ್ರೆಶನ್ನನ್ನೇ ಪೂರ್ತಿ ಆಫ್ ಮಾಡಿ, ಎಲ್ಲ ಜಿಪ್ ಮಾಡಿ ಕಳಿಸಿ.

ಮುಂಭಾಗದಲ್ಲಿ ದೀಪಗಳಿರುವ ಡಬ್ಬಿಯನ್ನೇ ಆರಿಸಿ. ಸಿಡಿ (ಸಂಪರ್ಕ) ಹತ್ತಿದೆ, ಎಸ್‌ಡಿ (ಕಳಿಸುವುದು) ಮಿನುಗುತ್ತಿದೆ, ಆರ್‌ಡಿ (ಬರುವುದು) ಸತ್ತಿದೆ ಅಂದರೆ ಎದುರು ತುದಿ ಉತ್ತರಿಸುತ್ತಿಲ್ಲ ಎಂದು ಕುಳಿತಲ್ಲೇ ಗೊತ್ತಾಗುತ್ತದೆ. ಯುಎಸ್ ರೊಬೋಟಿಕ್ಸ್ ಕಂಪನಿಯ ಕೊರಿಯರ್ ಮೋಡೆಮಿನಲ್ಲಿ ಎಆರ್‌ಕ್ಯೂ ದೀಪ ಮಿನುಗಿದರೆ ಬ್ಲಾಕ್‌ಗಳು ಮತ್ತೆ ಮತ್ತೆ ಹೋಗುತ್ತಿವೆ ಎಂದರ್ಥ.

ಕ್ಯಾರಿಯರ್

ಕಂಪ್ರೆಶನ್ ಪೂರ್ತಿ ಆಫ್ ಅನ್ನೂದು ನನಗ ಒಪ್ಪಿಗಿ ಇಲ್ರಿ. ಡೈರೆಕ್ಟರಿ ಲಿಸ್ಟ್, ಮೆಸೇಜು, ಮೆನು ಎಲ್ಲಾ ಪಠ್ಯನ ಅಲ್ಲೇನು? ಎಂಎನ್‌ಪಿ5 ಅಷ್ಟ ತಗದು ವಿ.42ಬಿಸ್ ಇಡ್ರಿ. ರಾಕ್‌ವೆಲ್ ಚಿಪ್ಪಿಗೆ ಅದರ ಆಜ್ಞೆ %ಸಿ2. ಯುಎಸ್ ರೊಬೋಟಿಕ್ಸ್‌ನ್ಯಾಗ &ಕೆ3. ಇಲ್ಲೆ ಜ್ವಾಕಿ: ರಾಕ್‌ವೆಲ್‌ದಾಗ &ಕೆ3 ಅಂದ್ರ ಆರ್‌ಟಿಎಸ್/ಸಿಟಿಎಸ್ ತಂತಿಯಿಂದ ‘ನಿಲ್ಲಿಸು’ ಹೇಳೂ ಫ್ಲೋ ಕಂಟ್ರೋಲ್. ಅಕ್ಷರ ಒಂದ, ಕೆಲಸ ಬ್ಯಾರೆ. ಒಬ್ಬರ ಇನಿಟ್ ಸ್ಟ್ರಿಂಗ್ (ಶುರುವಿಗೆ ಕಳಸೂ ಆಜ್ಞೆಗಳ ಸಾಲು) ಇನ್ನೊಬ್ಬರ ಡಬ್ಬಿಗೆ ಹಾಕಿದ್ರ ಹಿಂಗ ಕೆಡ್ತದ.

ಈಗ ಇಂಟರ್‌ಕಾಮ್. ನಮ್ಮ ದೇಶದ ಡಯಲ್ ಟೋನ್ 400 ಹರ್ಟ್ಸ್, ಅಮೆರಿಕದ್ದು 350 ಮತ್ತು 440 ಕೂಡಿಸಿದ್ದು. ಇಪಿಎಬಿಎಕ್ಸ್‌ನ ಟೋನು ಇನ್ನೂ ಬ್ಯಾರೆ ಇರಬಹುದು. ಮೋಡೆಮಿಗೆ ಅದು ಗುರುತು ಹತ್ತದ ‘ನೋ ಡಯಲ್‌ಟೋನ್’ ಅಂತ ಲೈನ್ ಬಿಡ್ತದ. ಎಕ್ಸ್3 ಆಜ್ಞೆ ಕೊಟ್ರ ಟೋನಿಗೆ ಕಾಯದ ಎಸ್6 ಅನ್ನೂ ಸೆಟಿಂಗಿನ್ಯಾಗ ಹೇಳಿದಷ್ಟು ಸೆಕೆಂಡು ನಿಂತು ನಂಬರ್ ಒತ್ತತದ.

ರಾಕ್‌ವೆಲ್ ಜೋಡಿಗೆ ಇದನ್ನ ಹಾಕ್ರಿ:

ಎಟಿ &ಎಫ್ &ಸಿ1 &ಡಿ2 &ಕೆ3 \ಎನ್3 %ಸಿ2 %ಇ2 ಎಕ್ಸ್3 ಎಸ್10=50

%ಇ2 ಅನ್ನೂದು ನಾ ಬಹಳ ಬೆಲೆ ಕೊಡೂ ಸೌಲಭ್ಯ. ಲೈನ್ ಕೆಟ್ರ ವೇಗ ಇಳಸ್ತದ, ಸುಧಾರಿಸಿದ್ರ ಮತ್ತ ಏರಸ್ತದ. ಇದು ಇಲ್ಲದ ಡಬ್ಬಿ ರೀಟ್ರೇನ್ (ಹೊಂದಾಣಿಕೆ ಮತ್ತ ಮೊದಲಿಂದ) ಮಾಡಿ ಮಾಡಿ ಕಡೀಕ ಕಡೀತದ. ಎಸ್10 ಹತ್ತನೇ ಒಂದು ಸೆಕೆಂಡಿನ ಲೆಕ್ಕ. 14 ಇರೂದನ್ನ 50 ಮಾಡಿದ್ರ ಎದುರಿನ ಸಿಗ್ನಲ್ (ಕ್ಯಾರಿಯರ್) ಐದು ಸೆಕೆಂಡು ಕಾಣದಿದ್ರೂ ಲೈನ್ ಹಿಡಕೊಂಡಿರ್ತದ. ಇಂಟರ್‌ಕಾಮಿನ ಬೀಪಿಗೆ ಇದು ಬೇಕು. ಇಪಿಎಬಿಎಕ್ಸ್‌ನ್ಯಾಗ ಕಾಲ್-ವೇಟಿಂಗ್, ಮಾತಿನ ಅವಧಿ ಮಿತಿ ಇದ್ರ ಆ ಎರಡು ಎಕ್ಸ್‌ಟೆನ್ಶನ್‌ಗೆ ತಗಿಸ್ರಿ. ಅದ ಜೋಡಿ ತಂತಿ ಮ್ಯಾಲೆ ಇನ್ನೊಂದು ಫೋನ್ ಸಮಾನಾಂತರ ಇರಬಾರದು.

ಲಿನಕ್ಸ್ ಕಡೆ ಎಂಗೆಟ್ಟಿ (ಕರೆ ಎತ್ತೂ ಪ್ರೋಗ್ರಾಮ್) ಹಾಕಿದ್ರ ಎಸ್0=0 (ಮೋಡೆಮ್ ತಾನ ಎತ್ತಬಾರದು) ಇರ್ಲಿ, ರಿಂಗ್ ಬಂದಾಗ ಎಂಗೆಟ್ಟಿನ ಎಟಿಎ (ಎತ್ತು ಅನ್ನೂ ಆಜ್ಞೆ) ಕಳಸ್ತದ.

ಸೀರಿಯಲ್‌ಭಟ್ಟ

ರಾಕ್‌ವೆಲ್ ಚಿಪ್ಪಿನ 33.6 ಜೋಡಿ ಸಿಕ್ಕಿದೆ, ಸಂಪರ್ಕವೂ ಆಗುತ್ತಿದೆ. ಆದರೆ ಪ್ರತಿ ಸಲ ‘ಕನೆಕ್ಟ್ 57600’ ಅಂತಲೇ ಬರುತ್ತದೆ. ಲೈನಿನ ನಿಜ ವೇಗ ತಿಳಿಯುವುದು ಹೇಗೆ? ಫೈಲ್ ಮಾತ್ರ ಸೆಕೆಂಡಿಗೆ 2,400 ಬೈಟಿನ ಆಸುಪಾಸಿನಲ್ಲೇ ಇದೆ.

ಮಡಗಾಂವ್‌ಎಸಿ

ಅದು ಪೋರ್ಟಿನ ವೇಗ. ಇನಿಟ್ ಸಾಲಿಗೆ ಡಬ್ಲ್ಯೂ2 ಸೇರಿಸಿ, ಕನೆಕ್ಟ್ ಮುಂದೆ ಲೈನಿನ ವೇಗ ಬರುತ್ತದೆ. 2,400 ಬೈಟ್ ಅಂದರೆ 19,200–21,600ರಲ್ಲಿ ನಿಂತಿರಬೇಕು.

ಇಷ್ಟು ಹತ್ತಿರದ ಲೈನಿನಲ್ಲಿ ಸಿಗ್ನಲ್ ದುರ್ಬಲವಾಗಿರುವುದಿಲ್ಲ, ಜಾಸ್ತಿಯೇ ಆಗಿರುತ್ತದೆ. ವಿ.34ರಲ್ಲಿ ಎರಡೂ ಕಡೆಯ ಮಾತು ಒಂದೇ ಆವರ್ತನ ಪಟ್ಟಿಯಲ್ಲಿ ಒಟ್ಟಿಗೆ ಸಾಗುತ್ತದೆ, ತನ್ನ ದನಿಯ ಪ್ರತಿಧ್ವನಿಯನ್ನು ಮೋಡೆಮ್ ಕಳೆದು ಎದುರಿನವರದ್ದನ್ನು ಕೇಳಬೇಕು. ಇಪಿಎಬಿಎಕ್ಸ್ ಪೋರ್ಟಿನ ಇಂಪೀಡೆನ್ಸ್ (ವಿದ್ಯುತ್ ತಡೆ) 600 ಓಮ್‌ಗೆ ಹೊಂದದಿದ್ದರೆ ಪ್ರತಿಧ್ವನಿ ದೊಡ್ಡದು. ಕೆಲವು ರಾಕ್‌ವೆಲ್ ಫರ್ಮ್‌ವೇರ್‌ಗಳಲ್ಲಿ ಎಸ್91 ಕಳಿಸುವ ಮಟ್ಟವನ್ನು ಇಳಿಸುತ್ತದೆ: ಸಾಮಾನ್ಯವಾಗಿ 10, ಎರಡೂ ತುದಿಯಲ್ಲಿ 13, ಆಮೇಲೆ 15 ಮಾಡಿ ನೋಡಿ. ಅದಕ್ಕೂ ಮೊದಲು ಎರಡೂ ಮೋಡೆಮ್‌ಗಳನ್ನು ಇಪಿಎಬಿಎಕ್ಸ್ ಪೆಟ್ಟಿಗೆಯ ಬುಡದಲ್ಲೇ ಚಿಕ್ಕ ತಂತಿಯಲ್ಲಿ ಹಚ್ಚಿ ಡಯಲ್ ಮಾಡಿ. ಅಲ್ಲಿ 31,200 ಬಂದು ಫ್ಲ್ಯಾಟಿನಲ್ಲಿ ಬರದಿದ್ದರೆ ಮೆಟ್ಟಿಲ ಬಳಿಯ ಜಂಕ್ಷನ್ ಬಾಕ್ಸಿನ ಜೋಡಣೆಗಳನ್ನು ಬಿಚ್ಚಿ, ಕರಿ ಹಿಡಿದ ತಾಮ್ರ ಕತ್ತರಿಸಿ, ಹೊಸದಾಗಿ ಸುತ್ತಿ. ಬುಡದಲ್ಲೂ ಅಷ್ಟೇ ಬಂದರೆ ಮಿತಿ ಇಪಿಎಬಿಎಕ್ಸ್‌ನದು, ತಂತಿ ಮುಟ್ಟಿ ಪ್ರಯೋಜನವಿಲ್ಲ.

ಯುಆರ್ಟ್‌ಶೆಟ್ರು

ಬಾಕ್ಸ್ ಬಿಚ್ಚುವ ಮೊದಲು ಒಂದು ಫೈಲನ್ನು 486ರಿಂದ ಕಳಿಸಿ, ಇನ್ನೊಂದನ್ನು ಅದಕ್ಕೆ ತರಿಸಿ. ತರಿಸುವಾಗ ಮಾತ್ರ 2,400 ಬಂದು, ಕಳಿಸುವಾಗ 3,500 ದಾಟಿದರೆ ಅದು ಲೈನ್ ಅಲ್ಲ, ನಿಮ್ಮ ಹಳೇ ಯುಆರ್ಟ್. ಝಡ್‌ಮೋಡೆಮ್ ಪರದೆಯಲ್ಲಿ ಎರರ್ ಲೆಕ್ಕವೂ ಏರುತ್ತಾ ಇರುತ್ತದೆ.