ಸಿಗ್ನಲ್‌ನಲ್ಲಿ ಗೇರ್ ಇಳಿಯಲ್ಲ: ನ್ಯೂಟ್ರಲ್ಲೋ, ಫಸ್ಟೋ?

ಕೇಳಿದವರು (ಬೆಂಗಳೂರು): ಅಪ್ಪನ ಸ್ಪ್ಲೆಂಡರ್‌ನಲ್ಲಿ ಕಲಿತು ಈಗ ಪಲ್ಸರ್ 150 ಓಡಿಸ್ತಿದ್ದೀನಿ. ಸಿಲ್ಕ್ ಬೋರ್ಡ್ ಕಡೆಯಿಂದ ದಿನಾ ಆಫೀಸಿಗೆ. ಕೆಂಪು ಬಿದ್ದರೆ ನಾಲ್ಕನೇ ಗೇರಲ್ಲೇ ಕ್ಲಚ್, ಬ್ರೇಕ್ ಹಿಡಿದು ನಿಲ್ಲಿಸ್ತೀನಿ. ನಿಂತ ಮೇಲೆ ಗೇರ್ ಇಳಿಯೋದೇ ಇಲ್ಲ. ಹಸಿರು ಬಂದಾಗ ಗಾಡಿ ಆಫ್, ಹಿಂದೆ ಹಾರ್ನ್. ಒಬ್ಬರು ನ್ಯೂಟ್ರಲ್ ಹಾಕು ಅಂತಾರೆ, ಇನ್ನೊಬ್ಬರು ಫಸ್ಟಲ್ಲೇ ಕ್ಲಚ್ ಹಿಡಿದಿರು ಅಂತಾರೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೈಕ್ ಕಲಿಸುವವರು, ಬೆಂಗಳೂರು: ಗೇರ್‌ಬಾಕ್ಸ್ ಕೆಟ್ಟಿಲ್ಲ, ಗಾಬರಿ ಬೇಡ. ಬೈಕಿನ ಗೇರುಗಳ ಪಕ್ಕಕ್ಕೆ ದಪ್ಪ ಹಲ್ಲುಗಳಿರುತ್ತವೆ. ಅವು ಪಕ್ಕದ ಗೇರಿನ ಗುಳಿಯೊಳಗೆ ಕೂತರೆ ಮಾತ್ರ ಗೇರ್ ಬಿದ್ದ ಹಾಗೆ. ಗಾಡಿ ಉರುಳುತ್ತಿದ್ದರೆ ಹಲ್ಲು, ಗುಳಿ ಎದುರುಬದುರು ಬರುತ್ತಲೇ ಇರುತ್ತವೆ, ಲಿವರ್ ಮುಟ್ಟಿದರೆ ಸಾಕು. ಗಾಡಿ ನಿಂತು ಕ್ಲಚ್ಚೂ ಹಿಡಿದಿದ್ದರೆ ಒಳಗೆ ಎಲ್ಲ ನಿಂತಿರುತ್ತದೆ, ಹಲ್ಲು ಹಲ್ಲಿಗೇ ತಾಗಿ ಅಡ್ಡ ಕೂರುತ್ತದೆ. ಆಗ ಲಿವರ್ ಮೇಲೆ ಎದ್ದು ತುಳಿದರೆ ಗೇರ್ ಬೀಳುವ ಬದಲು, ಗೇರನ್ನು ಪಕ್ಕಕ್ಕೆ ಸರಿಸುವ ಶಿಫ್ಟ್ ಫೋರ್ಕ್ ಬಾಗಬಹುದು.

ಹಾಗಾಗಿ ಉರುಳುತ್ತಿರುವಾಗಲೇ ಇಳಿಸಿ. ಮೊದಲು ಎಕ್ಸಲೇಟರ್ ಬಿಟ್ಟು ಎರಡೂ ಬ್ರೇಕ್ ಹಿಡಿಯಿರಿ. ವೇಗ ಇಳಿಸುವುದು ಬ್ರೇಕಿನ ಕೆಲಸ, ಗೇರ್ ಅದರ ಹಿಂದೆ ಬರಬೇಕು. ನಿಮ್ಮ ಗಾಡಿಗೆ ಅಂದಾಜು ಹೇಳುವುದಾದರೆ 35ರ ಹತ್ತಿರ ಮೂರನೇದು, 20ರ ಹತ್ತಿರ ಎರಡನೇದು, 10ಕ್ಕಿಂತ ಕೆಳಗೆ ಒಂದನೇದು. ಒಂದು ಸಲಕ್ಕೆ ಒಂದೇ ಗೇರ್, ಪ್ರತಿ ಸಲ ಲಿವರ್ ಮೇಲಿಂದ ಕಾಲು ಪೂರ್ತಿ ತೆಗೆದು ಮತ್ತೆ ಒತ್ತಿ. ಒತ್ತಿಕೊಂಡೇ ಇದ್ದರೆ ಮುಂದಿನ ಗೇರ್ ಬೀಳಲ್ಲ, ಹೊಸಬರು ತಪ್ಪುವುದೇ ಇಲ್ಲಿ. ದಿಢೀರ್ ಬ್ರೇಕ್ ಹಾಕಬೇಕಾಗಿ ಬಂದರೆ ಕ್ಲಚ್ ಹಿಡಿದೇ ಟಕ್ ಟಕ್ ಅಂತ ಮೂರು ಸಲ ಇಳಿಸಿಬಿಡಿ, ಆದರೆ ವೇಗ ಸತ್ತ ಮೇಲೆಯೇ ಕ್ಲಚ್ ಬಿಡಿ. 40ರಲ್ಲಿ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಎಳೆದುಕೊಂಡು ಅಡ್ಡ ತಿರುಗುತ್ತದೆ.

ಇನ್ನೊಂದು. ಸ್ಪ್ಲೆಂಡರ್‌ನಲ್ಲಿ ಮುಂದಕ್ಕೆ ತುಳಿದರೆ ಗೇರ್ ಏರುತ್ತದೆ. ಪಲ್ಸರ್‌ನಲ್ಲಿ ಫಸ್ಟ್ ಕೆಳಗೆ, ಉಳಿದ ನಾಲ್ಕೂ ಮೇಲೆ. ಅಂದರೆ ಮುಂದೆ ತುಳಿದರೆ ಇಳಿಯುತ್ತದೆ. ನಿಮ್ಮ ಕಾಲಿಗೆ ಹಳೆಯ ಅಭ್ಯಾಸ ಇರುವುದರಿಂದ, ಇಳಿಸುತ್ತಿದ್ದೀನಿ ಅಂದುಕೊಂಡು ಏರಿಸುತ್ತಿರಲೂಬಹುದು. ಖಾಲಿ ಮೈದಾನದಲ್ಲಿ ನಾಲ್ಕಕ್ಕೆ ಏರಿಸಿ ಒಂದಕ್ಕೆ ಇಳಿಸಿ ನಿಲ್ಲಿಸುವುದನ್ನೇ ಮತ್ತೆ ಮತ್ತೆ ಮಾಡಿ.

ಗ್ಯಾರೇಜ್, ಹುಬ್ಬಳ್ಳಿ: ಅವರು ಹೇಳಿದ್ದು ಖರೇ ಐತ್ರಿ. ಆದ್ರ ಉರುಳೂ ಮುಂದನೂ ಗೇರ್ ಬಿಗಿ ಆಗತೈತಿ ಅಂದ್ರ ಕೈಲೆ ಹಿಡದ್ರೂ ಒಳಗ ಕ್ಲಚ್ ಪೂರ್ತಿ ಬಿಡವಲ್ದು ಅಂತ ತಿಳ್ಕೋರಿ. ಕ್ಲಚ್ ಲಿವರ್ ತುದಿಯೊಳಗ 10ರಿಂದ 20 ಮಿಲಿಮೀಟರ್ ಸಡಲ ಇರಬೇಕು. ಅದಕ್ಕಿಂತ ಜಾಸ್ತಿ ಆದ್ರ ಕ್ಲಚ್ ಪ್ಲೇಟ್ ಬ್ಯಾರೆ ಆಗೂದಿಲ್ಲ: ನ್ಯೂಟ್ರಲ್ ಸಿಗೂದಿಲ್ಲ, ಫಸ್ಟ್ ಹಾಕಿದ್ರ ಕ್ಲಚ್ ಹಿಡದ್ರೂ ಗಾಡಿ ಮುಂದ ಜಗ್ಗತೈತಿ. ಸಡಲಾನ ಇಲ್ಲ ಅಂದ್ರ ಪ್ಲೇಟ್ ಜಾರಿ ಸುಡತಾವು. ಹ್ಯಾಂಡಲ್ ಹತ್ರ ಇರೋ ಅಡ್ಜಸ್ಟರ್ ತಿರುವಿ ಸರಿ ಮಾಡ್ಕೋರಿ, ಆಮ್ಯಾಲ ಹ್ಯಾಂಡಲ್ ಎಡಕ್ಕ ಬಲಕ್ಕ ಪೂರ್ತಿ ಹೊಳ್ಳಿಸಿ ಮತ್ತ ನೋಡ್ರಿ. ಹೊಳ್ಳಿಸಿದಾಗ ಸಡಲ ಕಡಿಮಿ ಆದ್ರ ಕೇಬಲ್ ಹಾಯಿಸಿದ ದಾರಿ ತಪ್ಪೈತಿ.

ಕಾರಿನ ಆಯಿಲ್ ಹಾಕಬ್ಯಾಡ್ರಿ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನ್ಯಾಗ ಮುಳುಗಿರತೈತಿ, ಡಬ್ಬಿ ಮ್ಯಾಲ 'ಜಾಸೋ ಎಂಎ' ಇಲ್ಲಾ 'ಎಂಎ2' ಅಂತ ಇರಬೇಕು. ಐಡಲ್, ಅಂದ್ರ ಎಕ್ಸಲೇಟರ್ ಕೊಡದ ಇದ್ದಾಗಿನ ಎಂಜಿನ್ ವೇಗ, 1,400 ಆರ್‌ಪಿಎಂ ಆಸುಪಾಸು ಸಾಕು, 2,000 ಇಟ್ಕೊಂಡ್ರ ಫಸ್ಟ್ ಬೀಳೂ ಮುಂದ ಧಡ್ ಅಂತೈತಿ.

ದಿನವಿಡೀ ಡೆಲಿವರಿ ಓಡಿಸುವವರು, ಮೈಸೂರು: ನ್ಯೂಟ್ರಲ್ಲೋ ಫಸ್ಟೋ ಅನ್ನೋದು ನಿಮ್ಮ ಹಿಂದೆ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿದೆ. ನೀವೇ ಸಾಲಿನ ಕೊನೇ ಗಾಡಿ ಆಗಿದ್ದರೆ ಫಸ್ಟಲ್ಲೇ ಇರಿ, ಕಣ್ಣು ಮಿರರ್ ಮೇಲಿರಲಿ, ಹಿಂದಿನ ಬ್ರೇಕನ್ನು ಎರಡು ಮೂರು ಸಲ ಒತ್ತಿ ಬಿಟ್ಟು ಲೈಟ್ ಮಿನುಗಿಸಿ. ಹಿಂದಿಂದ ಬರೋನು ನಿಲ್ಲಲ್ಲ ಅನ್ನಿಸಿದರೆ ಪಕ್ಕಕ್ಕೆ ನುಗ್ಗೋಕೆ ಜಾಗ ಬೇಕು. ಅದಕ್ಕೇ ಮುಂದಿನ ಕಾರಿನ ಬಂಪರಿಗೆ ಚಕ್ರ ತಾಗಿಸಿ ನಿಲ್ಲಬಾರದು. ಅದರ ಹಿಂದಿನ ಟೈರ್ ರಸ್ತೆಗೆ ತಾಗಿರೋದು ಕಾಣುವಷ್ಟು ದೂರ ಬಿಡಿ, ನಡು ಹಿಂದೆ ಬೇಡ, ಒಂದು ಮೂಲೆಗೆ ನಿಲ್ಲಿ. ಹಿಂದೆ ಕಾರೋ ಆಟೋನೋ ಬಂದು ಪೂರ್ತಿ ನಿಂತ ಮೇಲೆ ನ್ಯೂಟ್ರಲ್ ಹಾಕಿ ಕೈಗೆ ವಿಶ್ರಾಂತಿ ಕೊಡಿ. ಟೈಮರ್ 10ಕ್ಕೆ ಬಂದಾಗ ಮತ್ತೆ ಫಸ್ಟ್.

ಬಸ್ಸಿನ ಎಡಪಕ್ಕ, ಮುಂದಿನ ಚಕ್ರದ ಹತ್ತಿರ ನಿಲ್ಲಲೇಬೇಡಿ. ಡ್ರೈವರ್ ಕುಳಿತಲ್ಲಿಂದ ಆ ಜಾಗ ಕಾಣಲ್ಲ. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತೆ.

ಬೈಕ್ ಕಲಿಸುವವರು, ಬೆಂಗಳೂರು: ಮೇಲಿನದಕ್ಕೆ ನನ್ನ ಒಂದು ತಕರಾರು. ಸಾಲಿನ ಮುಂದೆ ನಿಂತವರು ಎರಡು ನಿಮಿಷ ಫಸ್ಟಲ್ಲಿ ಕ್ಲಚ್ ಹಿಡಿದು ಕೂರುವುದು ಸುರಕ್ಷಿತ ಅಲ್ಲ. ಕೈ ಸೋತು ಕ್ಲಚ್ ಜಾರಿದರೆ, ಅಥವಾ ಕೇಬಲ್ ಕಡಿದರೆ, ಗಾಡಿ ನೇರ ಅಡ್ಡ ಬರುವ ಟ್ರಾಫಿಕ್‌ಗೆ ಹಾರುತ್ತದೆ. ಹಿಂದೆ ನಾಲ್ಕು ಗಾಡಿ ನಿಂತ ಮೇಲೂ ಫಸ್ಟ್ ಹಿಡಿಯುವುದು ಬರೀ ಅವಸರ. ಹಿಡಿಯಲೇಬೇಕಾದ ಹೊತ್ತಿನಲ್ಲಿ ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ. ನ್ಯೂಟ್ರಲ್‌ನಿಂದ ಫಸ್ಟಿಗೆ ಹಾಕುವಾಗ ಮುಂದಿನ ಬ್ರೇಕ್ ಕೈಯಲ್ಲಿ ಹಿಡಿದು, ಬಲಗಾಲು ನೆಲಕ್ಕಿಟ್ಟು, ಎಡಗಾಲಲ್ಲಿ ಒತ್ತಿ, ಮತ್ತೆ ಕಾಲು ಬದಲಿಸಿ. ಹಸಿರು ದೀಪವನ್ನು ನಂಬಬೇಡಿ. ಹಸಿರು ಬಿದ್ದ ಮೇಲೂ ಬಲಗಡೆ ನೋಡಿ, ಎಡಗಡೆ ನೋಡಿ, ಆಮೇಲೆ ಕ್ಲಚ್ ಬಿಡಿ. ಕೆಂಪು ಹಾರಿ ಬರುವವನು ಬಲದಿಂದಲೇ ಮೊದಲು ಮುಟ್ಟುತ್ತಾನೆ.

ಕೇಳಿದವರು: ಅಕಸ್ಮಾತ್ ನಾಲ್ಕರಲ್ಲೇ ನಿಂತುಬಿಟ್ಟರೆ? ನ್ಯೂಟ್ರಲ್ ಒತ್ತಿದರೆ ಒಂದರಿಂದ ಎರಡಕ್ಕೆ ಹಾರುತ್ತೆ, ಅದಕ್ಕೇನು ಮಾಡಲಿ?

ಗ್ಯಾರೇಜ್, ಹುಬ್ಬಳ್ಳಿ: ಮುಂದಿನ ಬ್ರೇಕ್ ಹಿಡೀರಿ, ಲಿವರ್ ಮ್ಯಾಲ ಕಾಲು ಹಗೂರ ಇಡ್ರಿ. ಕ್ಲಚ್ ಕೂದಲೆಳಿಯಷ್ಟ ಬಿಡ್ರಿ, ಗಾಡಿ ಒಂಚೂರು ಜಗ್ಗಿದ ಕೂಡಲೇ ಮತ್ತ ಪೂರ್ತಿ ಹಿಡೀರಿ. ಹಲ್ಲು ಸರದು ಗೇರ್ ತಾನ ಇಳಿತೈತಿ. ಒಂದೊಂದು ಗೇರಿಗೂ ಹಂಗ ಮಾಡ್ರಿ. ಎಂಜಿನ್ ಆಫ್ ಆಗಿದ್ರ ಬ್ರೇಕ್ ಬಿಟ್ಟು ಗಾಡಿ ಒಂದು ಗೇಣು ಹಿಂದ ಮುಂದ ನೂಕಿ ಒತ್ರಿ.

ನ್ಯೂಟ್ರಲ್ ಒಂದಕ್ಕ ಎರಡಕ್ಕ ನಡುವ ಐತಿ, ಅರ್ಧ ಒತ್ತು ಸಾಕು. ನಿಲ್ಲೂ ಮೊದಲ, ಕಡೀ ಒಂದು ಮೀಟರ್ ಉರುಳೂ ಮುಂದ ಎರಡರಿಂದ ಹಗೂರ ಕೆಳಗ ಒತ್ತಿದ್ರ ಥಟ್ಟನ ಸಿಗತೈತಿ. ಮೀಟರ್‌ನ್ಯಾಗ ನ್ಯೂಟ್ರಲ್‌ನ ಹಸಿರು ದೀಪ ಹತ್ತಿದ್ರೂ ಕ್ಲಚ್ ಒಮ್ಮೆಲೇ ಬಿಡಬ್ಯಾಡ್ರಿ, ನ್ಯೂಟ್ರಲ್ ಸ್ವಿಚ್ಚಿಗೆ ನೀರು ಹೊಲಸು ಹೊಕ್ಕರ ಸುಳ್ಳ ಹೇಳತೈತಿ.

ಮಂಗಳೂರು: ನಮ್ಮಲ್ಲಿ ಸಿಗ್ನಲ್‌ಗೆ ಏರು ಬೇರೆ ಉಂಟು. ಏರಲ್ಲಿ ನ್ಯೂಟ್ರಲ್ ಆದರೂ ಬಲಗಾಲು ಹಿಂದಿನ ಬ್ರೇಕಿನಿಂದ ತೆಗೀಬೇಡಿ. ಹೊರಡುವಾಗ ಬ್ರೇಕ್ ಹಿಡಿದೇ ಸ್ವಲ್ಪ ಎಕ್ಸಲೇಟರ್ ಕೊಟ್ಟು ಕ್ಲಚ್ ಬಿಡ್ತಾ ಬನ್ನಿ, ಎಂಜಿನ್ ಸದ್ದು ಕುಗ್ಗಿ ಗಾಡಿ ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡಿ. ಬ್ರೇಕಿನ ಬದಲು ಹಾಫ್ ಕ್ಲಚ್ಚಲ್ಲಿ ಗಾಡಿ ನಿಲ್ಲಿಸ್ತಾರಲ್ಲ, ಅವರ ಕ್ಲಚ್ ಪ್ಲೇಟ್ ಬೇಗ ಹೋಗ್ತದೆ ಮಾರಾಯ್ರೆ.

ಮಳೆಗೆ ಸ್ಟಾಪ್ ಲೈನ್, ಜೀಬ್ರಾದ ಬಿಳಿ ಬಣ್ಣ ಭಾರೀ ಜಾರ್ತದೆ, ಲಾರಿ ಬಸ್ಸು ನಿಲ್ಲುವಲ್ಲಿ ಲೇನಿನ ನಡುವೆ ಆಯಿಲ್ ಸುರಿದಿರ್ತದೆ. ಬ್ರೇಕ್ ಅದಕ್ಕಿಂತ ಮುಂಚೆಯೇ ಮುಗಿಸಿ, ಕಾಲಿಡುವ ಜಾಗ ನೋಡಿ ಇಡಿ. ಹಳದಿ ಬಿದ್ದಾಗ ನಿಲ್ಲಲು ಬೇಕಾದ ದೂರದ ಲೆಕ್ಕ ಹೀಗೆ: 40ರಲ್ಲಿ ಎಚ್ಚೆತ್ತು ಬ್ರೇಕ್ ಹಾಕುವುದರೊಳಗೆ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತದೆ, ಒಣ ರಸ್ತೆಯಲ್ಲಿ ಗಟ್ಟಿ ಬ್ರೇಕಿಗೆ ಇನ್ನು ಸುಮಾರು 12. 60ರಲ್ಲಿ ಒಟ್ಟು 45ರ ಹತ್ತಿರ.

ಕೇಳಿದವರು: ಕೇಬಲ್ ಕಡಿಯುತ್ತೆ ಅಂದರಲ್ಲ, ಮೊದಲೇ ಗೊತ್ತಾಗುತ್ತಾ?

ಗ್ಯಾರೇಜ್, ಹುಬ್ಬಳ್ಳಿ: ಗೊತ್ತಾಗತೈತ್ರಿ. ಕ್ಲಚ್ ಲಿವರ್ ಹತ್ರ ರಬ್ಬರ್ ಕವರ್ ಸರಿಸಿ ನೋಡ್ರಿ. ಎಳಿ ಬಿಚ್ಚಿ ಮುಳ್ಳಿನಂಗ ಎದ್ದಿದ್ರ, ಇಲ್ಲಾ ಅಡ್ಜಸ್ಟ್ ಮಾಡಿದ್ರೂ ದಿನಾ ಸಡಲ ಆಗತಿದ್ರ, ಅವತ್ತ ಬದಲಿಸ್ರಿ. ಸಿಗ್ನಲ್‌ನ್ಯಾಗ ಕಡಿದ್ರ ಎರಡೂ ಬ್ರೇಕ್ ಹಿಡದು ಎಂಜಿನ್ ಬಂದ್ ಮಾಡೂ ಕಿಲ್ ಸ್ವಿಚ್ ಒತ್ರಿ, ನ್ಯೂಟ್ರಲ್ ಮಾಡಿ ಪಕ್ಕಕ್ಕ ನೂಕ್ರಿ. ಕ್ಲಚ್ ಇಲ್ದ ಓಡಿಸೂದು ಬರತೈತಿ ಅನ್ನೋರು ಇರತಾರ, ಊರೊಳಗ ಅದು ಬ್ಯಾಡ.