ಪದ ಬೇಕು: ‘ಆಟೋಆಂಟಿಬಾಡಿ’ಗೆ ಏನನ್ನೋಣ? (ನಾಳೆ ಅಚ್ಚಿಗೆ)

ಶಿವಮೊಗ್ಗದಿಂದ:
ರುಮಟಾಯ್ಡ್ ಕೀಲುವಾತದ ರೋಗಿಗಳಿಗೆ ಕೊಡುವ ಕರಪತ್ರ ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗಬೇಕು. ಆಂಟಿಬಾಡಿಗೆ (ರೋಗಾಣುಗಳ ವಿರುದ್ಧ ಮೈ ತಯಾರಿಸುವ ಪ್ರೋಟೀನು) ‘ಪ್ರತಿಕಾಯ’ ಇದ್ದೇ ಇದೆ. ನಮ್ಮ ಮೈಯ ಮೇಲೆಯೇ ತಿರುಗಿಬೀಳುವ ಆಟೋಆಂಟಿಬಾಡಿಗೆ ಕರಡಿನಲ್ಲಿ ‘ಸ್ವಯಂಪ್ರತಿಕಾಯ’ ಅಂತಿದೆ. ವಾಕ್ಯ ಹೀಗೆ: “ಪರೀಕ್ಷೆ ಧನಾತ್ಮಕವಾದರೆ ನಿಮ್ಮ ರಕ್ತದಲ್ಲಿ ಸ್ವಯಂಪ್ರತಿಕಾಯಗಳಿದ್ದು ನಿಮಗೆ ಕೀಲುವಾತವಿದೆ ಎಂದರ್ಥ.” ಓದುವವರು ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಕೆಲಸದವರು, ಅಡಿಕೆ ಸುಲಿಯುವ ಹೆಂಗಸರು. ಸಂಜೆಯೊಳಗೆ ಹೇಳಿದರೆ ಉಪಕಾರ.

ಸಾಗರದಿಂದ:
‘ಸ್ವಯಂ’ ಬೇಡ. ಸ್ವಯಂಚಾಲಿತ, ಸ್ವಯಂಸೇವಕ, ಎಲ್ಲ ಕಡೆಯೂ ಅದು ‘ತಾನಾಗಿಯೇ’. ಇಲ್ಲಿ ಬೇಕಾದ್ದು ‘ತನ್ನ ಮೇಲೆಯೇ’. ‘ಸ್ವಪ್ರತಿಕಾಯ’ವೂ ಆಗದು, ಮೈಯೊಳಗೆ ಹುಟ್ಟುವ ಪ್ರತಿಕಾಯವೆಲ್ಲ ಸ್ವಂತದ್ದೇ. ‘ಸ್ವವಿರೋಧಿ ಪ್ರತಿಕಾಯ’ ಅನ್ನಿ. ಇನ್ನು ‘ಧನಾತ್ಮಕ’ವನ್ನು ಮೊದಲು ಕಿತ್ತುಹಾಕಿ. ರಿಪೋರ್ಟ್ ಚೆನ್ನಾಗಿ ಬಂತು ಅಂದುಕೊಂಡು ಮನೆಗೆ ಹೋಗುತ್ತಾರೆ. ‘ಪಾಸಿಟಿವ್’ ಏನೆಂದು ಕೋವಿಡ್ ಎಲ್ಲರಿಗೂ ಕಲಿಸಿದೆ.

ತೀರ್ಥಹಳ್ಳಿಯಿಂದ:
‘ಪ್ರತಿಕಾಯ’ವೇ ಹುಳುಕು. 1891ರಲ್ಲಿ ಪಾಲ್ ಎರ್ಲಿಕ್ ಬಳಸಿದ ಜರ್ಮನ್ ಪದದ ಸಂಸ್ಕೃತ ನಕಲು ಅದು. ವಸ್ತು ಪ್ರೋಟೀನು, ಅದಕ್ಕೆ ಕಾಯವೆಲ್ಲಿಂದ ಬಂತು? ಕನ್ನಡದ್ದೇ ‘ಕಾಯ್’ ಧಾತು ಇದೆ: ಕಾಪು, ಕಾವಲು. ಆಂಟಿಬಾಡಿ ‘ಮೈಗಾಪು’. ಅದು ತಿರುಗಿಬಿದ್ದರೆ ‘ಒಳವಗೆ’ (ಒಳ + ಪಗೆ, ಅಂದರೆ ಒಳಗಿನ ಹಗೆ). ಪಕಾರಕ್ಕೆ ವಕಾರ ಏಕೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಸಾಗರದಿಂದ:
ಒಳವಗೆ ಅಂದರೆ ದಾಯಾದಿ ವ್ಯಾಜ್ಯ. ರಕ್ತ ಪರೀಕ್ಷೆ ಬಿಟ್ಟು ವಕೀಲರ ಹತ್ತಿರ ಹೋದಾರು.

ಭದ್ರಾವತಿಯಿಂದ:
ಪದ ಆಮೇಲೆ ನೋಡಿ, ಆ ವಾಕ್ಯವೇ ಸುಳ್ಳು. ಲ್ಯಾಬಿನಲ್ಲಿ ಜನ ‘ಆರ್‌ಎ ಟೆಸ್ಟ್’ ಅನ್ನುವುದು ರುಮಟಾಯ್ಡ್ ಫ್ಯಾಕ್ಟರನ್ನು. ಅದು ನಮ್ಮದೇ ಐಜಿಜಿ ಪ್ರತಿಕಾಯದ ಬಾಲ ಹಿಡಿಯುವ ಇನ್ನೊಂದು ಪ್ರತಿಕಾಯ. ಹೆಪಟೈಟಿಸ್ ಸಿ, ಕ್ಷಯ, ಹೃದಯದ ಕವಾಟದ ಸೋಂಕು, ಕಣ್ಣು, ಬಾಯಿ ಒಣಗಿಸುವ ಷೋಗ್ರೆನ್ ರೋಗ, ಬರೀ ವಯಸ್ಸು, ಯಾವುದರಲ್ಲೂ ಪಾಸಿಟಿವ್ ಬರಬಹುದು. ಕೀಲುವಾತವಿದ್ದೂ ನೆಗೆಟಿವ್ ಬರುವವರೂ ಸಾಕಷ್ಟು ಇದ್ದಾರೆ. ಆಂಟಿ ಸಿಸಿಪಿ (ಸಿಟ್ರುಲಿನ್ ಇರುವ ಪ್ರೋಟೀನಿನ ಮೇಲೆ ಬೀಳುವ ಪ್ರತಿಕಾಯದ ಪರೀಕ್ಷೆ) ಹೆಚ್ಚು ನಂಬಿಕಸ್ಥ: ಅದು ಪಾಸಿಟಿವ್ ಬಂದರೆ ಬೇರೆ ರೋಗವಿರುವ ಸಂಭವ ಕಡಿಮೆ, ನೋವು ಶುರುವಾಗುವ ವರ್ಷಗಳ ಮೊದಲೇ ಕಾಣಿಸಿಕೊಳ್ಳಬಹುದು. ಕೀಲು ಸವೆಯುವ ಅಪಾಯವೂ ಅಂಥವರಿಗೇ ಜಾಸ್ತಿ.

ಸಂಖ್ಯೆಯೂ ಮುಖ್ಯ. ರುಮಟಾಯ್ಡ್ ಕೀಲುವಾತ ಗುರುತಿಸಲು ಅಂಕ ಕೊಡುವ 2010ರ ಮಾನದಂಡದಲ್ಲಿ, ಈ ಪ್ರತಿಕಾಯಗಳು ಲ್ಯಾಬಿನ ಮಿತಿ ದಾಟಿ ಅದರ ಮೂರು ಪಟ್ಟಿನವರೆಗೆ ಇದ್ದರೆ 2 ಅಂಕ, ಅದನ್ನು ದಾಟಿದರೆ 3. ಮಿತಿ 20 ಇದ್ದು 26 ಬಂದರೂ ‘ಪಾಸಿಟಿವ್’, 180 ಬಂದರೂ ‘ಪಾಸಿಟಿವ್’. ಎರಡೂ ಒಂದೇ ಅಲ್ಲ. ರೋಗವೆನ್ನಲು 10ರಲ್ಲಿ 6 ಬೇಕು. ಉಳಿದ ಅಂಕ ಊದಿದ ಅಥವಾ ಮುಟ್ಟಿದರೆ ನೋಯುವ ಕೀಲುಗಳಿಂದ, ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್–ಸಿಆರ್‌ಪಿಯಿಂದ, ತೊಂದರೆ ಶುರುವಾಗಿ ಆರು ವಾರ ದಾಟಿದೆಯೇ ಎಂಬುದರಿಂದ. ಕೀಲು ಊದಿಯೇ ಇಲ್ಲದವರಿಗೆ ಈ ಲೆಕ್ಕವೇ ಹಾಕಬಾರದು. ಚಿಕೂನ್‌ಗುನ್ಯಾ ಆದ ಮೇಲೂ ಬೆರಳು ಇದೇ ರೀತಿ ಊದಿ ಬಿಗಿಯುತ್ತವೆ, ಆ ಜ್ವರ ಬಂದಿತ್ತೇ ಎಂದು ಕೇಳದೆ ರಿಪೋರ್ಟ್ ಓದಬಾರದು.

ಇನ್ನೊಂದು ಮಾತು ಹಾಕಿ: ಆರ್‌ಎ, ಸಿಸಿಪಿಗಳನ್ನು ಮೂರು ತಿಂಗಳಿಗೊಮ್ಮೆ ಮಾಡಿಸುವುದು ದಂಡ. ಔಷಧ ಹಿಡಿಯಿತೇ ಎಂದು ನೋಡಲು ಕೀಲು ಮುಟ್ಟಿ ನೋಡಬೇಕು, ಸಿಆರ್‌ಪಿ ನೋಡಬೇಕು. (ಮೈ ತನ್ನ ಮೇಲೆಯೇ ತಿರುಗಿಬೀಳುವ ಇನ್ನೊಂದು ರೋಗ ಲೂಪಸ್‌, ಅದರ ಡಿಎಸ್‌ಡಿಎನ್‌ಎ ಪ್ರತಿಕಾಯದ್ದು ಬೇರೆ ಲೆಕ್ಕ. ಎಷ್ಟೋ ರೋಗಿಗಳಲ್ಲಿ ಅದು ರೋಗದ ಜೊತೆಗೇ ಏರಿಳಿಯುತ್ತದೆ, ಮುಖ್ಯವಾಗಿ ಮೂತ್ರಪಿಂಡ ಕೆಟ್ಟಾಗ.)

ತೀರ್ಥಹಳ್ಳಿಯಿಂದ:
ಫ್ಯಾಕ್ಟರು, ಟೆಸ್ಟು, ಪಾಸಿಟಿವು ನುಂಗುತ್ತೀರಿ, ‘ಮೈಗಾಪು’ ಮಾತ್ರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷಿಗೆ ರತ್ನಗಂಬಳಿ, ಸಂಸ್ಕೃತಕ್ಕೆ ಮಣೆ, ಕನ್ನಡಕ್ಕೆ ಜಗಲಿ.

ಸಾಗರದಿಂದ:
ಹಾಗಾದರೆ ಸಿಸಿಪಿಯ ನಡುವಿನ ‘ಸಿ’ಯನ್ನೂ ಕನ್ನಡಿಸಿ. ಅದು ಸಿಟ್ರುಲಿನ್, ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಪ್ರೋಟೀನಿನೊಳಗಿನ ಆರ್ಜಿನೈನ್ ಎಂಬ ಅಮೈನೋ ಆಮ್ಲ ಸಿಟ್ರುಲಿನ್ ಆಗುವುದನ್ನು ‘ಕಲ್ಲಂಗಡಿಸು’ ಅನ್ನೋಣವೇ? ‘ರಕ್ತ’ ಕೂಡ ಸಂಸ್ಕೃತ. ಅದನ್ನು ಕರಪತ್ರದಿಂದ ತೆಗೆಯುತ್ತೀರಾ?

ತೀರ್ಥಹಳ್ಳಿಯಿಂದ:
ನೆತ್ತರು ಇದೆ. ನಿಮಗೆ ಬೇಡ, ಅಷ್ಟೆ.

ಭದ್ರಾವತಿಯಿಂದ:
ಕರಪತ್ರ ಇವತ್ತಿನದು, ಜಗಳ ನಾಳೆಯೂ ಇರುತ್ತದೆ. ಮೊದಲ ಸಲ ವಿವರಿಸಿ ಬರೆಯಿರಿ, ಆಮೇಲೆ ‘ಸ್ವವಿರೋಧಿ ಪ್ರತಿಕಾಯ’ ಸಾಕು. ಪರೀಕ್ಷೆಗಳ ಹೆಸರು ಮಾತ್ರ ರಿಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಅನುವಾದ ಮಾಡಿದರೆ ಕೌಂಟರಿನಲ್ಲಿ ಯಾವ ಪರೀಕ್ಷೆ ಅಂತ ತಿಳಿಯುವುದಿಲ್ಲ.

ಶಿವಮೊಗ್ಗದಿಂದ:
ಪ್ರೆಸ್ಸಿಗೆ ಹೀಗೆ ಕಳಿಸುತ್ತಿದ್ದೇನೆ: “ರೋಗಾಣುಗಳನ್ನು ಬಿಟ್ಟು ನಮ್ಮ ಮೈಯ ಭಾಗಗಳ ಮೇಲೆಯೇ ತಿರುಗಿಬೀಳುವ ಪ್ರತಿಕಾಯಗಳಿಗೆ ಸ್ವವಿರೋಧಿ ಪ್ರತಿಕಾಯ ಎನ್ನುತ್ತಾರೆ. ಆರ್‌ಎ ಅಥವಾ ಆಂಟಿ ಸಿಸಿಪಿ ಪಾಸಿಟಿವ್ ಬಂದ ಮಾತ್ರಕ್ಕೆ ಕೀಲುವಾತ ಇದೆಯೆಂದಲ್ಲ, ನೆಗೆಟಿವ್ ಬಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ, ಕೀಲು ಊದಿದ್ದರೆ, ಎರಡರಲ್ಲಿ ಯಾವ ರಿಪೋರ್ಟ್ ಬಂದರೂ ವೈದ್ಯರಿಗೆ ತೋರಿಸಿ.”

ತೀರ್ಥಹಳ್ಳಿಯಿಂದ:
‘ತಿರುಗಿಬೀಳುವ’ ಒಳ್ಳೆಯ ಕನ್ನಡ. ಅದನ್ನೇ ಪದ ಮಾಡಬಹುದಿತ್ತು.