ಹೊರದೇಶದ ಓದು, ವೀಸಾ, ಸಾಲ: ಗದಗಿನ ತಂದೆಯೊಬ್ಬರ ಪ್ರಶ್ನೆಗೆ ಬಂದ ಅನುಭವಗಳು

ಕೇಳಿದವರು: ಗದಗ-ಬೆಟಗೇರಿಯಿಂದ

ಮಗ ಈ ವರ್ಷ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾನೆ. ಸಿ.ಜಿ.ಪಿ.ಎ. 7.6, ಒಂದು ವಿಷಯ ಉಳಿದುಕೊಂಡು ಮುಂದಿನ ಸೆಮಿಸ್ಟರಿನಲ್ಲಿ ಪಾಸಾದದ್ದು. ಹೊರದೇಶಕ್ಕೆ ಹೋಗಿ ಎಂ.ಎಸ್. ಮಾಡಬೇಕೆಂಬ ಹಟ ಅವನದು. ನಾನು ಪ್ರೌಢಶಾಲೆಯ ಶಿಕ್ಷಕ, ನಿವೃತ್ತಿಗೆ ನಾಲ್ಕು ವರ್ಷ ಉಳಿದಿದೆ. ಬೆಟಗೇರಿಯಲ್ಲಿ ಸ್ವಂತ ಮನೆ ಮತ್ತು ಹಳ್ಳಿಯಲ್ಲಿ ತಮ್ಮನೊಂದಿಗೆ ಜಂಟಿಯಾಗಿರುವ ಆರು ಎಕರೆ ಎರೆಹೊಲ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಹುಬ್ಬಳ್ಳಿಯ ಕನ್ಸಲ್ಟೆನ್ಸಿಯೊಂದರವರು ಕೆನಡಾ ಇಲ್ಲವೇ ಇಂಗ್ಲೆಂಡಿಗೆ ವೀಸಾ ಗ್ಯಾರಂಟಿ ಎಂದು ಹೇಳಿ, ಹದಿನೈದು ದಿನದೊಳಗೆ ಮುಂಗಡ ಕಟ್ಟಲು ಅವಸರ ಮಾಡುತ್ತಿದ್ದಾರೆ. ಯಾವ ದೇಶ ಒಳ್ಳೆಯದು, ಒಟ್ಟು ಎಷ್ಟು ಹಣ ಬೇಕು, ಯಾವಾಗ ಶುರು ಮಾಡಬೇಕು ಎಂಬುದನ್ನು ಮಕ್ಕಳನ್ನು ಕಳಿಸಿದವರು, ತಾವೇ ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಧಾರವಾಡದಿಂದ, ತಾಯಿಯೊಬ್ಬರು

ಗುರುಗಳೇ, ನನ್ನ ಮಗಳು 2025ರ ಸೆಪ್ಟೆಂಬರಿನಲ್ಲಿ ಜರ್ಮನಿಗೆ ಹೋದಳು. ಇಲ್ಲಿ ಸಿವಿಲ್ ಓದಿದವಳು, ಅಲ್ಲಿ ಜಲ ನಿರ್ವಹಣೆಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ನಾವೂ ಮೊದಲು ಕೇಳಿಕೊಂಡದ್ದು ಯಾವ ದೇಶ ಎಂಬ ಪ್ರಶ್ನೆಯನ್ನೇ, ಅದರಲ್ಲಿ ಮೂರು ತಿಂಗಳು ಕಳೆದೆವು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಬೇರೆಯೇ ಪ್ರಶ್ನೆ ಹಾಕಿದರು: ವೀಸಾ ಸಿಗಲಿಲ್ಲ, ಅಥವಾ ಹೋಗಿ ವರ್ಷಕ್ಕೇ ತಿರುಗಿ ಬರಬೇಕಾಯಿತು ಎಂದರೆ, ಎಷ್ಟು ದುಡ್ಡು ಹೋದರೂ ಈ ಮನೆ ತಡೆದುಕೊಂಡೀತು? ಲೆಕ್ಕ ಹಾಕಿ ಎಂಟು ಲಕ್ಷ ಎಂದು ತೀರ್ಮಾನಿಸಿ, ಆ ಅಂಕಿಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟೆವು. ಆಮೇಲೆ ದೇಶ ಆರಿಸುವ ಕೆಲಸ ಒಂದೇ ವಾರದ್ದಾಯಿತು.

ನಿಮಗೆ ಹೇಳಿರುವ ಎರಡು ದೇಶಗಳ ಮಾತು ಮೊದಲು. ಇಂಗ್ಲೆಂಡಿನ ಸ್ನಾತಕೋತ್ತರ ಪದವಿ ಬಹುಪಾಲು ಒಂದೇ ವರ್ಷದ್ದು, ಅದು ಅನುಕೂಲವೇ. ಆದರೆ ಶುಲ್ಕದ ಜೊತೆಗೆ ವೀಸಾಕ್ಕೆ ಐನೂರು ಪೌಂಡಿಗೂ ಹೆಚ್ಚು, ಆರೋಗ್ಯದ ಬಾಬ್ತು ವರ್ಷಕ್ಕೆ 776 ಪೌಂಡ್ ಮುಂಗಡವಾಗಿ ಕಟ್ಟಬೇಕು, ಮತ್ತು ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಓದು ಮುಗಿದ ಮೇಲೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುತ್ತಿದ್ದ ಎರಡು ವರ್ಷದ ಅವಧಿಯನ್ನು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಸಿದ್ದಾರೆ. ನಿಮ್ಮ ಮಗ ಈಗ ಹೊರಟರೆ ಈ ಹೊಸ ಲೆಕ್ಕಕ್ಕೇ ಬರುತ್ತಾನೆ. ಕೆನಡಾದಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಬೇಗ ತೀರ್ಮಾನ ಕೊಡುತ್ತಿದ್ದ ಎಸ್.ಡಿ.ಎಸ್. ವ್ಯವಸ್ಥೆ 2024ರ ನವೆಂಬರ್ 8ಕ್ಕೆ ನಿಂತುಹೋಯಿತು. ಒಬ್ಬನ ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಹಣ 2025ರ ಸೆಪ್ಟೆಂಬರಿನಿಂದ 22,895 ಕೆನಡಾ ಡಾಲರ್ ಆಗಿದೆ, ಶುಲ್ಕ ಬೇರೆ. ಹೀಗಿರುವಾಗ ಗ್ಯಾರಂಟಿ ಎನ್ನುವವರು ಯಾವ ಧೈರ್ಯದ ಮೇಲೆ ಹೇಳುತ್ತಾರೋ ನನಗಂತೂ ತಿಳಿಯದು. ವೀಸಾ ಕೊಡುವುದು ಆ ದೇಶದ ಅಧಿಕಾರಿ, ಕನ್ಸಲ್ಟೆನ್ಸಿಯವರಲ್ಲ. ವಿದ್ಯಾರ್ಥಿ ಸೇರಿದರೆ ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಮಾತು ಕೇಳಿದರೆ ಸಾಕು, ಹದಿನೈದು ದಿನದ ಅವಸರ ಏಕೆಂದು ಅರ್ಥವಾಗುತ್ತದೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೆ ನೂರರಿಂದ ನಾನೂರು ಯೂರೊ ವರೆಗಿನ ವಂತಿಗೆ ಇರುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುಲ್ಕ ಶುರು ಮಾಡಿದೆ. ದೊಡ್ಡ ಮೊತ್ತವೆಂದರೆ ಬ್ಲಾಕ್ಡ್ ಅಕೌಂಟಿನದು, ಅಂದರೆ ಅಲ್ಲಿನ ಜೀವನ ವೆಚ್ಚಕ್ಕೆ ಹಣವಿದೆ ಎಂದು ತೋರಿಸಲು ವೀಸಾಕ್ಕೆ ಮೊದಲೇ ತುಂಬಿಡುವ ಖಾತೆ. ನಾವು ಕಟ್ಟಿದ್ದು 11,904 ಯೂರೊ, ಆಗಿನ ದರದಲ್ಲಿ ಸುಮಾರು ಹನ್ನೆರಡು ಲಕ್ಷ ರೂಪಾಯಿ. ಅದು ಶುಲ್ಕವಲ್ಲ, ಮಗಳದೇ ದುಡ್ಡು. ತಿಂಗಳಿಗೆ 992 ಯೂರೊದಂತೆ ಅವಳ ಕೈಗೆ ಬರುತ್ತದೆ, ವೀಸಾ ನಿರಾಕರಿಸಿದರೆ ವಾಪಸ್ಸು ಬರುತ್ತದೆ. ನಮ್ಮ ಎಂಟು ಲಕ್ಷದ ಗೆರೆಯೊಳಗೆ ಜರ್ಮನಿ ಕೂತದ್ದು ಇದೊಂದೇ ಕಾರಣಕ್ಕೆ. ಆದರೆ ಅಲ್ಲಿ ಖಾಸಗಿ ಸಂಸ್ಥೆಗಳೂ ಇವೆ, ಅವಕ್ಕೆ ಭರ್ಜರಿ ಶುಲ್ಕವಿದೆ, ಏಜೆಂಟರು ಜರ್ಮನಿ ಎಂದಾಗ ಹಲವು ಸಲ ತೋರಿಸುವುದು ಅವನ್ನೇ. ಹೆಸರು ಬಂದ ಕೂಡಲೇ ಅದು ಸರ್ಕಾರಿಯೋ ಖಾಸಗಿಯೋ ಎಂದು ವಿಚಾರಿಸಬೇಕು.

ನಿಮ್ಮ ಮಗನ 7.6ಕ್ಕೆ ಹೆದರಬೇಕಿಲ್ಲ. ನಮ್ಮ ಅಂಕವನ್ನು ಅವರು ತಮ್ಮ ಮಾಪನಕ್ಕೆ ಇಳಿಸಿಕೊಳ್ಳುತ್ತಾರೆ, ಅಲ್ಲಿ 1 ಅತ್ಯುತ್ತಮ. ಗರಿಷ್ಠ 10ರಿಂದ ನಿಮ್ಮ ಅಂಕ ಕಳೆದು, ಗರಿಷ್ಠ ಮತ್ತು ಪಾಸಿನ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸಿದರಾಯಿತು. ಪಾಸಿನ ಅಂಕ 4 ಎಂದು ಹಿಡಿದರೆ 2.2 ಬರುತ್ತದೆ. 2.5ರವರೆಗೆ ತೆಗೆದುಕೊಳ್ಳುವ ಕೋರ್ಸುಗಳು ಸಾಕಷ್ಟಿವೆ. ಪಾಸಾದ ಒಂದು ಬ್ಯಾಕ್‌ಲಾಗ್ ದೊಡ್ಡ ಮಾತಲ್ಲ ಎಂದೇ ನನ್ನ ತಿಳಿವಳಿಕೆ.

ಯಾವಾಗ ಶುರು ಮಾಡಬೇಕು ಎಂದಿರಿ. ನಾವು ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಕೈಹಚ್ಚಿದೆವು, ಅದೂ ತಡವಾಯಿತೇನೋ ಅನ್ನಿಸಿತು. 2022ರ ನವೆಂಬರಿನಿಂದ ಭಾರತೀಯರಿಗೆ ಎ.ಪಿ.ಎಸ್. ಪ್ರಮಾಣಪತ್ರ ಕಡ್ಡಾಯ, ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುತ್ತಾರೆ, ಶುಲ್ಕ 18,000 ರೂಪಾಯಿ. ಅದಾದ ಮೇಲೆ ವಿಶ್ವವಿದ್ಯಾಲಯಗಳಿಗೆ ಅರ್ಜಿ. ಯೂನಿ-ಅಸಿಸ್ಟ್ ಎಂಬ ವ್ಯವಸ್ಥೆಯ ಮೂಲಕ ಹೋಗುವ ಮೊದಲ ಅರ್ಜಿಗೆ 75 ಯೂರೊ, ಮುಂದಿನ ಒಂದೊಂದಕ್ಕೆ 30. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ರೂಢಿಯ ಕೊನೆಯ ದಿನವಾದರೂ ಎಷ್ಟೋ ಕೋರ್ಸುಗಳು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲೇ ಬಾಗಿಲು ಹಾಕಿಬಿಡುತ್ತವೆ. ವೀಸಾ ಅರ್ಜಿಯನ್ನು ಈಗ ಮೊದಲು ಆನ್‌ಲೈನ್ ಪೋರ್ಟಲ್ಲಿನಲ್ಲಿ ಸಲ್ಲಿಸಿ, ಅವರು ಕಾಗದ ನೋಡಿದ ಮೇಲೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಶುಲ್ಕ 75 ಯೂರೊ. ಮುಂಚೆ ನಿರಾಕರಣೆಯಾದರೆ ಅದೇ ಕಚೇರಿಗೆ ಮರುಪರಿಶೀಲನೆಯ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು ಅಥವಾ ಬರ್ಲಿನ್ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಮೊದಲ ಅರ್ಜಿಯೇ ಗಟ್ಟಿಯಾಗಿರಬೇಕು.

ಆ ಗಟ್ಟಿತನ ಬರುವುದು ಉದ್ದೇಶಪತ್ರದಿಂದ, ಅಂದರೆ ಈ ಓದು ತನಗೆ ಏಕೆ ಬೇಕು ಎಂದು ವಿದ್ಯಾರ್ಥಿ ಬರೆದುಕೊಡುವ ಪತ್ರದಿಂದ. ನಾವೂ ಮೊದಲು ಒಬ್ಬ ಏಜೆಂಟರ ಕೈಯಲ್ಲಿ ಅದನ್ನು ಬರೆಸಿದ್ದೆವು. ರೊಟ್ಟಿ ಬಡಿಯುತ್ತ, ಅದನ್ನು ಗಟ್ಟಿಯಾಗಿ ಓದು ಎಂದು ಮಗಳಿಗೆ ಹೇಳಿದೆ. ಬಾಲ್ಯದಿಂದಲೂ ತಂತ್ರಜ್ಞಾನದ ಬಗ್ಗೆ ತನಗೆ ಅಪಾರ ಆಸಕ್ತಿ ಎಂದು ಶುರುವಾದ ಇಂಗ್ಲಿಷ್ ಪತ್ರದ ಮೂರನೆಯ ಸಾಲಿನಲ್ಲೇ ಒಂದು ಪದಕ್ಕೆ ನಾಲಿಗೆ ತಿರುಗದೆ ನಿಂತಳು. ಅರ್ಥ ಕೇಳಿದರೆ ಅದೂ ಗೊತ್ತಿಲ್ಲ. ‘ಅವ್ವಾ, ಇದು ನಾ ಅಲ್ಲ ಬಿಡು’ ಎಂದು ಹಾಳೆ ಮಡಚಿಟ್ಟು ತಾನೇ ಬರೆಯಲು ಕೂತಳು. ನಮ್ಮ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದದ್ದು, ಕೊಡ ಹಿಡಿದು ರಾತ್ರಿ ಎದ್ದು ಕೂತದ್ದು, ಅದೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದಲೇ ದಿನವಿಡೀ ನೀರು ಬಂದದ್ದು, ಮಲಪ್ರಭೆಯ ಒಂದೇ ಜಲಾಶಯದ ನೀರು ಎರಡು ಓಣಿಗಳಿಗೆ ಎರಡು ರೀತಿ ಬರುವುದೇಕೆ ಎಂದು ತಾನು ಪ್ರಾಜೆಕ್ಟ್ ಮಾಡಿದ್ದು, ಆ ವಿಶ್ವವಿದ್ಯಾಲಯದ ಯಾವ ಎರಡು ವಿಷಯಗಳು ಅದಕ್ಕೆ ಬೇಕು ಎಂಬುದು: ಎಲ್ಲ ಸೇರಿ ಒಂದೂವರೆ ಪುಟ. ವ್ಯಾಕರಣದ ತಪ್ಪು ಒಂದೆರಡಿದ್ದವು, ಅವಳ ಕಾಲೇಜಿನ ಮೇಡಂ ತಿದ್ದಿಕೊಟ್ಟರು. ನಿಮ್ಮ ಮಗನೂ ತಾನೇ ಬರೆಯಲಿ.

ಕಷ್ಟವನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಪಾಠವಿದ್ದರೂ ಕೆಲಸಕ್ಕೆ ಜರ್ಮನ್ ಬೇಕೇ ಬೇಕು, ಮೆಕ್ಯಾನಿಕಲ್‌ನವರಿಗಂತೂ ಇನ್ನೂ ಹೆಚ್ಚು. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು, ಮುಗಿದ ಮೇಲೆ ಹದಿನೆಂಟು ತಿಂಗಳು ಕೆಲಸ ಹುಡುಕಲು ಅವಕಾಶವಿದೆ, ಆದರೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಾರದಿದ್ದರೆ ಆ ಹದಿನೆಂಟು ತಿಂಗಳು ಬಲು ಬೇಗ ಕರಗುತ್ತವೆ ಎಂದು ಮಗಳ ಹಿರಿಯ ಗೆಳತಿಯರು ಹೇಳುತ್ತಾರೆ. 992 ಯೂರೊದಲ್ಲಿ ಆರೋಗ್ಯ ವಿಮೆಗೇ 140ಕ್ಕೂ ಹೆಚ್ಚು ಹೋಗುತ್ತದೆ. ಬಾಡಿಗೆ ಕೋಣೆ ಸಿಗಲು ಅವಳಿಗೆ ಏಳು ವಾರ ಹಿಡಿಯಿತು.

ರಾಣೆಬೆನ್ನೂರಿನಿಂದ

ಸರ್, ನನಗೆ ಅಮೆರಿಕದ ವೀಸಾ ಸಿಗಲಿಲ್ಲ, ಆದ್ದರಿಂದ ಇನ್ನೊಂದು ಮಗ್ಗುಲನ್ನು ನಾನು ಹೇಳಬಹುದು. ಸಂದರ್ಶನದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗ ಈ ವಿಶ್ವವಿದ್ಯಾಲಯವೇ ಏಕೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಕೇಳಿಸಿತು. ಅದು ಅಕ್ಷರಶಃ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಉತ್ತರವೇ ಆಗಿತ್ತು, ಏಕೆಂದರೆ ಇಬ್ಬರನ್ನೂ ತಯಾರು ಮಾಡಿದವರು ಒಬ್ಬರೇ. ನನ್ನ ಸರದಿ ಬಂದಾಗ ಬೇರೆ ಮಾತು ತೋಚಲಿಲ್ಲ, ಅದನ್ನೇ ಒಪ್ಪಿಸಿದೆ. ಎರಡು ನಿಮಿಷದಲ್ಲಿ 214(ಬಿ) ಎಂದು ಬರೆದ ಹಾಳೆ ಕೈಗೆ ಬಂತು. ಓದು ಮುಗಿಸಿ ಮರಳುವಿರಿ ಎಂದು ನಮಗೆ ಮನವರಿಕೆಯಾಗಲಿಲ್ಲ ಎಂಬುದು ಅದರ ಸಾರಾಂಶ. ತಪ್ಪು ನನ್ನದೇ.

ಹೋದ ಹಣ: ವೀಸಾ ಶುಲ್ಕ 185 ಡಾಲರ್, ಸೆವಿಸ್ ಎಂಬ ನೋಂದಣಿಗೆ 350 ಡಾಲರ್, ಎರಡೂ ಸೇರಿ ಸುಮಾರು 45 ಸಾವಿರ ರೂಪಾಯಿ, ಅದರ ಮೇಲೆ ಪರೀಕ್ಷೆಗಳ ಮತ್ತು ಅರ್ಜಿಗಳ ಖರ್ಚು. ಅಪ್ಪ ಇನ್ನೂ ಏನನ್ನೂ ಅಡವಿಟ್ಟಿರಲಿಲ್ಲ, ಹಾಗಾಗಿ ಆ ಪೆಟ್ಟು ಒಂದು ಮೆಣಸಿನಕಾಯಿ ಸುಗ್ಗಿಯಲ್ಲಿ ತೀರಿತು. ನಾನು ಈಗ ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ: ಒಮ್ಮೆ ನಿರಾಕರಣೆಯಾದರೆ ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳ ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕು. ಮುಚ್ಚಿಟ್ಟರೆ ನಿರಾಕರಣೆಗಿಂತ ದೊಡ್ಡ ತೊಂದರೆ. ಆದ್ದರಿಂದ ಸುಮ್ಮನೆ ಒಂದು ಪ್ರಯತ್ನ ಮಾಡಿ ನೋಡೋಣ ಎಂದು ಯಾವ ದೇಶಕ್ಕೂ ಅರ್ಜಿ ಹಾಕಬೇಡಿ.

ಇನ್ನೊಂದು ಚಿಕ್ಕ ಸಂಗತಿ. ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಂ ಖಾಲಿಯಿತ್ತು. ಅಮೆರಿಕದವರ ಕಾಗದಗಳಲ್ಲಿ ಹಾಗಿದ್ದವರ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್.ಎನ್.ಯು., ಅಂದರೆ ‘ಮೊದಲ ಹೆಸರು ತಿಳಿಯದು’ ಎಂದು ಬರುತ್ತದೆ. ನಮ್ಮ ಕಡೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಕ್ರಮ, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ಮನೆಮನೆಯ ಕಥೆ, ಈಗಲೇ ನೋಡಿಕೊಳ್ಳಿ.

ಹುಬ್ಬಳ್ಳಿಯಿಂದ, ನಿವೃತ್ತ ಬ್ಯಾಂಕ್ ನೌಕರರು

ಮಾಸ್ತರೇ, ಸಾಲದ ಮಾತನ್ನಷ್ಟೇ ಹೇಳುತ್ತೇನೆ. ಹೊಲದ ಮೇಲೆ ಶಿಕ್ಷಣ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಮುಂದೆ ಬರುವುದಿಲ್ಲ, ಮೇಲಾಗಿ ನಿಮ್ಮ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ತಮ್ಮನ ಹೆಸರೂ ಇದೆ. ಇದಕ್ಕಾಗಿ ವಾಟ್ನಿ (ಆಸ್ತಿ ಪಾಲು) ಮಾಡಿಸಲು ಹೊರಟರೆ ಮಗನ ಓದಿಗಿಂತ ಮೊದಲು ಮನೆಯ ನೆಮ್ಮದಿ ಹೋಗುತ್ತದೆ, ಅದಕ್ಕೆ ಕೈಹಾಕಬೇಡಿ. ಉಳಿಯುವುದು ಬೆಟಗೇರಿಯ ಮನೆ. ಅದರ ಸಿ.ಟಿ.ಎಸ್. (ನಗರ ಸರ್ವೆ) ಉತಾರ, ನಗರಸಭೆಯ ಖಾತೆ, ಖರೀದಿ ಪತ್ರ, ಹಿಂದಿನ ವರ್ಷಗಳ ಇ.ಸಿ. (ಋಣಭಾರ ಪತ್ರ), ಕರ ತುಂಬಿದ ಪಾವತಿ ಇವನ್ನು ಈಗಲೇ ತೆಗೆಸಿಡಿ. ಬ್ಯಾಂಕಿನ ವಕೀಲರ ಅಭಿಪ್ರಾಯ ಮತ್ತು ಇಂಜಿನಿಯರರ ಮೌಲ್ಯಮಾಪನ ಮುಗಿಯುವುದಕ್ಕೇ ಒಂದು ತಿಂಗಳು ಹಿಡಿಯಬಹುದು. ಹೊರದೇಶದ ಓದಿಗೆ ಒಟ್ಟು ವೆಚ್ಚದ ಶೇ. 15ರಷ್ಟನ್ನು ಸಾಮಾನ್ಯವಾಗಿ ನೀವೇ ಹಾಕಬೇಕು. ಜರ್ಮನಿಯಾದರೆ ಬ್ಲಾಕ್ಡ್ ಅಕೌಂಟಿನ ಮೊತ್ತವನ್ನು ಸಾಲದಿಂದಲೇ ಕಟ್ಟಬಹುದೇ ಎಂದು ಶಾಖೆಯವರನ್ನು ಮೊದಲ ದಿನವೇ ಕೇಳಿ, ಎಲ್ಲ ಶಾಖೆಗೂ ಅದರ ರೂಢಿಯಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಆ ನಾಲ್ಕು ವರ್ಷ. 25 ಲಕ್ಷ ಸಾಲ, ಶೇ. 10 ಬಡ್ಡಿ, ಹತ್ತು ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 33 ಸಾವಿರ. ಓದಿನ ಎರಡು ವರ್ಷ, ಅದರ ಮೇಲೆ ಆರು ತಿಂಗಳೋ ಒಂದು ವರ್ಷವೋ ಬಿಡುವು ಕಳೆದು ಕಂತು ಶುರುವಾಗುವ ಹೊತ್ತಿಗೆ ನಿಮ್ಮ ಸಂಬಳ ಉಳಿಯುವುದು ಹೆಚ್ಚೆಂದರೆ ಒಂದೂವರೆ ವರ್ಷ. ಮಗನಿಗೆ ಕೆಲಸ ತಡವಾದರೆ ಆ ಕಂತು ನಿಮ್ಮ ಪಿಂಚಣಿಯ ಮೇಲೆ ಬೀಳುತ್ತದೆ. ಬಿಡುವಿನ ಕಾಲದಲ್ಲೂ ಬಡ್ಡಿ ಏರುತ್ತಲೇ ಇರುತ್ತದೆ, ಆದ್ದರಿಂದ ಆಗಿನಿಂದಲೇ ಬಡ್ಡಿಯನ್ನಾದರೂ ತಿಂಗಳು ತಿಂಗಳು ತುಂಬುತ್ತ ಬನ್ನಿ. ಧಾರವಾಡದ ತಂಗಿಯವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಅಂಕಿಯನ್ನು ನೀವು ನಿಮ್ಮ ಪಿಂಚಣಿಯಿಂದ ಲೆಕ್ಕ ಹಾಕಿ, ಸಂಬಳದಿಂದ ಅಲ್ಲ. 2025ರ ಏಪ್ರಿಲ್‌ನಿಂದ ಬ್ಯಾಂಕ್ ಸಾಲದ ಹಣವನ್ನು ಓದಿಗೆಂದು ಹೊರಗೆ ಕಳಿಸುವಾಗ ಟಿ.ಸಿ.ಎಸ್. ಎಂಬ ಮುಂಗಡ ತೆರಿಗೆ ಹಿಡಿಯುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಉಂಟು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ.

ಮತ್ತೆ ಗದಗ-ಬೆಟಗೇರಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಮುಂಗಡ ಕಟ್ಟುವುದಿಲ್ಲ ಎಂದು ಕನ್ಸಲ್ಟೆನ್ಸಿಯವರಿಗೆ ಫೋನ್ ಮಾಡಿ ತಿಳಿಸಿದೆ. ಪಿಂಚಣಿಯಿಂದ ಲೆಕ್ಕ ಹಾಕಿದರೆ ನಮ್ಮ ಅಂಕಿ ಆರು ಲಕ್ಷ ದಾಟುವುದಿಲ್ಲ. ಮಗ ಮೊದಲು ಮುನಿದ, ಈಗ ಜರ್ಮನ್ ತರಗತಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದಾನೆ. ರಾಣೆಬೆನ್ನೂರಿನವರ ಮಾತು ಕೇಳಿ ಅವನ ಪಾಸ್‌ಪೋರ್ಟ್ ತೆಗೆದು ನೋಡಿದರೆ ಅದರಲ್ಲೂ ಅಡ್ಡಹೆಸರಿನ ಕಾಲಂ ಖಾಲಿ, ಪೂರ್ತಿ ಹೆಸರು ಒಂದೇ ಕಡೆ ಕೂತಿದೆ. ಎ.ಪಿ.ಎಸ್.ಗೆ ಕಳಿಸಿ ಆಮೇಲೆ ಸರಿಪಡಿಸಿದರೆ ನಡೆದೀತೇ?

ಧಾರವಾಡದಿಂದ

ಬೇಡ ಗುರುಗಳೇ, ಪಾಸ್‌ಪೋರ್ಟ್ ಮೊದಲು. ವೈಯಕ್ತಿಕ ವಿವರದ ಬದಲಾವಣೆ ಎಂದು ರೀ-ಇಶ್ಯೂಗೆ ಅರ್ಜಿ ಹಾಕಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ, ಶುಲ್ಕ 1,500 ರೂಪಾಯಿ. ಹೊಸ ಪುಸ್ತಕಕ್ಕೆ ಹೊಸ ನಂಬರ್ ಬರುತ್ತದೆ, ಮುಂದಿನ ಎಲ್ಲ ಅರ್ಜಿಗಳಲ್ಲಿ ಆ ನಂಬರೇ ಇರಬೇಕು. ಹೋಗುವಾಗ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಅಸಲು ಪ್ರತಿ ಜೊತೆಗಿರಲಿ.